ತಂತಿ ಕಿತ್ತಿಟ್ಟು ಕಟ್ಟುವ ಗಂಟು

ಶನಿವಾರ, ಬೆಳಗಿನ ಐದು ಗಂಟೆ. ಕಾರಾ-ಬುಲುಂಗ್ ಕಣಿವೆಯ ಪಶುವೈದ್ಯ ಕಚೇರಿಯ ಹಿಂದೆ, ಕುರಿಗಳ ಲಸಿಕೆ ಇಡುವ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಒಳಗೆ ಬಂದ ಊಲ್ಕಾನ್ ಮೈಮೇಲಿನ ಕೋಟನ್ನೂ ಬಿಚ್ಚದೆ ಗೋಡೆಯ ಬಳಿ ಬಗ್ಗಿ, ಇಂಟರ್ನೆಟ್ಟಿನ ತಂತಿ ಕಿತ್ತು ಮೊಳೆಗೆ ಸುತ್ತುತ್ತಾರೆ. ಒಲೆಯ ಮೇಲೆ ಚಹಾದ ನೀರು ಏರುವುದು ಆಮೇಲೆ. ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಇದ್ದುದನ್ನೆಲ್ಲ ಅಳಿಸಿ ಬರಿದು ಮಾಡುತ್ತಾರೆ. ಪೆನ್‌ಡ್ರೈವ್ ಚುಚ್ಚಿ, ಬಟ್ಟಲು ಹಿಡಿದು ಕಾಯುತ್ತಾರೆ. ಪರದೆಯ ಮೇಲೆ ಸಾಲುಗಳು ಸರಸರ ಇಳಿಯುತ್ತವೆ. ಒಂಬತ್ತು ನಿಮಿಷಕ್ಕೆ ಕುರಿ ನೋಂದಣಿಯ ಪುಟ ತೆರೆದುಕೊಳ್ಳುತ್ತದೆ.

"ನೋಡಿದ್ರಾ? ಹೊರಗಿಂದ ಒಂದು ತುತ್ತೂ ಬೇಡಿಲ್ಲ," ಎನ್ನುತ್ತಾರೆ ಊಲ್ಕಾನ್. ನಗುವುದಿಲ್ಲ. ನಗುವಂಥ ವಾರವಲ್ಲ ಇದು.

ನಲವತ್ತೊಂಬತ್ತು ವರ್ಷದ ಊಲ್ಕಾನ್ ಕಣಿವೆಗೆಲ್ಲ ಎಜೆ, ಅಂದರೆ ಅಕ್ಕ. ಕಾಗದದ ಮೇಲೆ ಅವರು ಲಸಿಕೆ ಉಗ್ರಾಣದ ಪಾಲಕಿ. ನಿಜವಾದ ಕೆಲಸಕ್ಕೆ ಕಾಗದದಲ್ಲಿ ಹೆಸರಿಲ್ಲ. ಮೇ ತಿಂಗಳಲ್ಲಿ ಹಿಂಡುಗಳು ಬೆಟ್ಟದ ಹುಲ್ಲುಗಾವಲಿಗೆ ಏರುವ ಮುನ್ನ ಪ್ರತಿ ಕುರಿಯ ಕಿವಿಯ ಸಂಖ್ಯೆ, ಚುಚ್ಚಿದ ಲಸಿಕೆ ಎಲ್ಲ ನೋಂದಣಿಯಾಗಿ ಒಂದು ಕಾಗದ ಮುದ್ರಣವಾಗಬೇಕು. ಆ ಕಾಗದ ತೋರಿಸದಿದ್ದರೆ ಸೇತುವೆಯ ಗೇಟು ತೆರೆಯುವುದಿಲ್ಲ. ಹನ್ನೊಂದು ಊರಿನ ಹನ್ನೊಂದು ಕಂಪ್ಯೂಟರುಗಳಲ್ಲಿ ಆ ನೋಂದಣಿ ತಾಣವನ್ನು ಕೂರಿಸಿ ಓಡಿಸುವವರು ಊಲ್ಕಾನ್.

ತಾಣವನ್ನು ಬರೆದವರು ರಾಜಧಾನಿಯವರು. ಅವರು ಅದನ್ನು ಬರಿನೆಲದಿಂದ ಎಬ್ಬಿಸಿದ್ದಲ್ಲ. ಲೋಕವೆಲ್ಲ ಬಳಸುವ ಸಿದ್ಧ ಫ್ರೇಮ್‌ವರ್ಕ್ ಒಂದರ ಮೇಲೆ ಕಟ್ಟಿದ್ದಾರೆ. ಆ ಫ್ರೇಮ್‌ವರ್ಕಿಗೆ ಬೇರೆ ಯಾರೋ ಬರೆದ ಕೋಡು ಬೇಕು, ಆ ಕೋಡಿಗೆ ಮತ್ತೊಬ್ಬರದು. ಎಣಿಸಿದರೆ ತೊಂಬತ್ತನಾಲ್ಕು ಪ್ಯಾಕೇಜು. "ತಾರೀಕು ಬರೆಯೋಕೊಂದು, ಕಾಗದ ಅಚ್ಚು ಹಾಕೋಕೊಂದು. ಇನ್ನು ಕೆಲವು ಯಾಕಿವೆ ಅಂತ ಬರೆದೋನಿಗೇ ಗೊತ್ತೋ ಇಲ್ವೋ," ಎನ್ನುತ್ತಾರೆ ಎಜೆ. ತಾಣ ಕೂರಿಸುವಾಗ ಇವನ್ನೆಲ್ಲ ದೂರದೇಶದ ಉಗ್ರಾಣದಿಂದ ಇಂಟರ್ನೆಟ್ಟಿನಲ್ಲಿ ಎಳೆದುಕೊಳ್ಳುವುದು ವಾಡಿಕೆ. ಕಾರಾ-ಬುಲುಂಗಿನಲ್ಲಿ ಇಂಟರ್ನೆಟ್ ಬರುವುದು ಕಣಿವೆಯ ನೆತ್ತಿಯ ಗೋಪುರದಿಂದ. ಗಾಳಿ ಎದ್ದರೆ ಅದೂ ಹೋಯಿತು.

ಅದಕ್ಕೇ ಊಲ್ಕಾನ್ ಎಲ್ಲವನ್ನೂ ಮೊದಲೇ ತಂದಿಟ್ಟುಕೊಳ್ಳುತ್ತಾರೆ. ಲಸಿಕೆ ಬಂದಾಗ ಬರೆದುಕೊಳ್ಳುವಂಥದೇ ಪುಸ್ತಕದಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ಬಂದ ದಿನ, ಯಾರೂ ಕೈಯಾಡಿಸಿಲ್ಲ ಎನ್ನುವುದಕ್ಕೆ ಅದರ ಗುರುತಿನ ಸಂಖ್ಯೆ. ತೊಂಬತ್ತನಾಲ್ಕನ್ನೂ ಫ್ರೇಮ್‌ವರ್ಕಿನ ಜೊತೆ ಒಂದೇ ಗಂಟು ಮಾಡಿ ಪೆನ್‌ಡ್ರೈವಿಗೆ ತುಂಬಿ, ಲಸಿಕೆಯ ಜೀಪಿನಲ್ಲಿ ಊರೂರಿಗೆ ಒಯ್ಯುತ್ತಾರೆ. ಕೊನೆಯ ಊರು ತಶ್-ಕೊರೊ, ಅರವತ್ತೆಂಟು ಕಿಲೋಮೀಟರು.

"ಚಳಿ ಬೀಳೋಕೆ ಮುಂಚೆ ಕುದುರೆ ಕೊಯ್ದು ಮಾಂಸ ಒಣಗಿಸಿಡೋ ಜನ ನಾವು. ಹಸಿವಾದಾಗ ಹಿಮದಲ್ಲಿ ಪೇಟೆಗೆ ಹೋಗಿ ತರ್ತೀನಿ ಅನ್ನೋ ಗಂಡಿಗೆ ನಮ್ಮೂರಲ್ಲಿ ಯಾರಾದ್ರೂ ಹೆಣ್ಣು ಕೊಡ್ತಾರಾ?" ಎಂದು ಕೇಳುತ್ತಾರೆ.

ಈ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿಲ್ಲ. ಕಣಿವೆಯ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಹದಿನಾಲ್ಕು ವರ್ಷ ತಂತಿ ಚುಚ್ಚುತ್ತಿದ್ದರು. ಅದು ಮುಚ್ಚಿದ ಮೇಲೆ ಲಸಿಕೆಯ ಕೋಣೆಗೆ ಬಂದರು. ಕೆಟ್ಟು ಬಿದ್ದಿದ್ದ ಕಂಪ್ಯೂಟರನ್ನು ಬಿಚ್ಚಿ ಜೋಡಿಸುತ್ತ ಒಂದೊಂದೇ ತಿಳಿದುಕೊಂಡರು. ತಪ್ಪಿನಿಂದ ಕಲಿತದ್ದೇ ಹೆಚ್ಚು. ಆರು ವರ್ಷದ ಹಿಂದೆ ಮೊದಲ ಗಂಟು ಕಟ್ಟಿದಾಗ ಕಚೇರಿಯಲ್ಲಿ ಎಲ್ಲ ಸರಿಯಾಗಿ ಓಡಿತು. ತಶ್-ಕೊರೊಗೆ ಹೋಗಿ ಹಾಕಿದರೆ ಒಂದು ಪ್ಯಾಕೇಜೇ ಇಲ್ಲ. ಕಚೇರಿಯಲ್ಲಿ ತಂತಿ ಚುಚ್ಚಿಕೊಂಡೇ ಇತ್ತು. ಗಂಟಿನಲ್ಲಿ ಇಲ್ಲದ್ದನ್ನು ಯಂತ್ರ ಸದ್ದಿಲ್ಲದೆ ಹೊರಗಿನಿಂದ ಎಳೆದುಕೊಂಡಿತ್ತು. ಅದನ್ನು ತರಲು ವಾಪಸು ಹೋಗಿ ಬರುವಷ್ಟರಲ್ಲಿ ಎರಡು ದಿನ ಕಳೆದವು. ಸೇತುವೆಯ ಬಳಿ ಕಾಯುತ್ತಿದ್ದ ಕುರುಬ ಸಗಿನ್ ಅಂದು ಆಡಿದ ಮಾತನ್ನು ಕಣಿವೆ ಇನ್ನೂ ಮರೆತಿಲ್ಲ: "ಕುದುರೆ ತಂದೆ, ಜೀನು ತಂದೆ. ಲಗಾಮು ಯಾರ ಮನೇಲಿ ಬಿಟ್ಟೆ, ಊಲ್ಕಾನ್?" ಅಂದಿನಿಂದ ತಂತಿ ಕೀಳದೆ ಅವರು ಯಾವುದನ್ನೂ ಪರೀಕ್ಷಿಸಿಲ್ಲ.

ಈ ವರ್ಷ ಏಪ್ರಿಲ್ ಕೊನೆಗೆ ರಾಜಧಾನಿಯಿಂದ ಪತ್ರ ಬಂತು. ಇನ್ನು ಗಂಟು ಕಟ್ಟಕೂಡದು. ಪ್ರತಿ ಊರಿನ ಕಂಪ್ಯೂಟರೂ ನೇರವಾಗಿ ಇಂಟರ್ನೆಟ್ಟಿನಿಂದಲೇ ಎಳೆದುಕೊಳ್ಳಬೇಕು. ಒಪ್ಪಿ ಸಹಿ ಮಾಡಿ ಕಳಿಸಿ. ಒಪ್ಪದಿದ್ದರೆ ಕಂಪ್ಯೂಟರಿನ ಕೆಲಸ ಬಿಟ್ಟು ಲಸಿಕೆಯನ್ನಷ್ಟೇ ನೋಡಿಕೊಳ್ಳಿ. ಊಲ್ಕಾನ್ ಸಹಿ ಮಾಡಲಿಲ್ಲ. "ತಶ್-ಕೊರೊಗೆ ಬಂದು ಮಾಡಿ ತೋರಿಸಿ, ಆಮೇಲೆ ಪೆನ್ನು ಹಿಡೀತೀನಿ," ಎಂದು ಮರುಪತ್ರ ಬರೆದರು. ರಾಜಧಾನಿಯವರು ಇಲ್ಗಿಜ್ ಎಂಬ ಎಂಜಿನಿಯರನ್ನು ಕಳಿಸಿದರು.

ಮೊನ್ನೆ ಮಂಗಳವಾರ ಅವರು ತಶ್-ಕೊರೊದಲ್ಲಿ ಕೂತು ಆಜ್ಞೆ ಕೊಟ್ಟರು. ಅರವತ್ತೊಂದನೆಯ ಪ್ಯಾಕೇಜಿಗೆ ಗೋಪುರ ಮಲಗಿತು. ಬುಧವಾರ ಬೆಳಿಗ್ಗೆ ಅದು ಎದ್ದಿತು, ತೊಂಬತ್ತನಾಲ್ಕೂ ಬಂದವು. ಆದರೆ ತಾಣ ಏಳಲಿಲ್ಲ. ಅವರ ಪಟ್ಟಿಯಲ್ಲಿ ಇಂಥದೇ ಆವೃತ್ತಿ ಬೇಕೆಂದು ಬರೆದಿರಲಿಲ್ಲ, ಹೊಸದು ಯಾವುದಿದೆಯೋ ಅದು ಬರಲಿ ಎಂದಿತ್ತು. ಹಿಂದಿನ ದಿನವಷ್ಟೇ ಹೊಸದಾಗಿದ್ದ ಒಂದು ಪ್ಯಾಕೇಜು ಫ್ರೇಮ್‌ವರ್ಕಿನ ಜೊತೆ ಹೊಂದಲಿಲ್ಲ. ಹೊರಗೆ ಸೇತುವೆಯ ಬಳಿ ಆರು ಸಾವಿರ ಕುರಿ. ಕೆಳಗಿನ ಹುಲ್ಲು ಬುಡದವರೆಗೆ ಮುಗಿದಿತ್ತು. ಹಾಲು ಬತ್ತಿದ ಕುರಿಗಳ ಹಿಂದೆ ಮರಿಗಳು ಅರಚುತ್ತಿದ್ದವು.

ಸಗಿನ್ ಬಾಗಿಲಲ್ಲಿ ತಲೆ ಹಾಕಿದರು. "ಏನಪ್ಪಾ ಎಂಜಿನಿಯರೇ, ನಿನ್ನ ಕಾಗದ ತಿಂದು ಬದುಕೋ ಕುರಿ ತಳಿ ಏನಾದ್ರೂ ರಾಜಧಾನೀಲಿ ಇದ್ರೆ ನಮಗೂ ನಾಲ್ಕು ಕಳಿಸು."

"ಸುಮ್ನಿರಿ ಬೈಕೆ, ಹುಡುಗನ್ನ ಯಾಕೆ ಕುಟುಕ್ತೀರಿ," ಎಂದು ಆ ಬೈಕೆಗೆ, ಅಂದರೆ ಅಣ್ಣನಿಗೆ, ಹೇಳಿದ ಊಲ್ಕಾನ್ ಇಲ್ಗಿಜ್‌ಗೆ ಹಾಲಿನ ಚಹಾ ಬಗ್ಗಿಸಿಕೊಟ್ಟರು. ಜೇಬಿನಿಂದ ಪೆನ್‌ಡ್ರೈವ್ ತೆಗೆದರು. "ತಮ್ಮಾ, ಸ್ವಲ್ಪ ಸರ್ಕೊಂಡು ಕೂತ್ಕೋ."

"ಎಜೆ, ನಿಮಗೆ ಅನುಮತಿ ಇಲ್ಲ. ನನ್ನ ಕಣ್ಣೆದುರಿಗೇ ಹಾಕಿದ್ರೆ ನಾನು ವರದಿ ಬರೀಲೇಬೇಕು."

"ಬರಿ. ಎಷ್ಟು ನಿಮಿಷ ಹಿಡೀತು ಅನ್ನೋದನ್ನೂ ಬರಿ."

ಒಂಬತ್ತು ನಿಮಿಷ ಹಿಡಿಯಿತು. ಸಗಿನ್‌ರ ಕಾಗದ ಮೊದಲು ಬಂತು. ಇಲ್ಗಿಜ್ ಚಹಾ ಮುಗಿಸಿ ಕೇಳಿದ್ದು ನ್ಯಾಯವಾದ ಪ್ರಶ್ನೆಯನ್ನೇ: "ಸರಿ ಎಜೆ, ನಾಳೆ ಇದರಲ್ಲಿ ಯಾವುದಾದ್ರೂ ಪ್ಯಾಕೇಜಲ್ಲಿ ತೂತು ಸಿಕ್ತು ಅನ್ನಿ. ಕಳ್ಳರು ನುಗ್ಗೋ ತೂತು. ನಿಮ್ಮ ಗಂಟಲ್ಲಿ ಹಳೇದೇ ಕೂತಿರುತ್ತಲ್ಲ?"

ಊಲ್ಕಾನ್ ಪುಸ್ತಕ ತೆರೆದು ಅವರ ಮುಂದೆ ಸರಿಸಿದರು. ಪ್ರತಿ ಸೋಮವಾರ, ಇಂಟರ್ನೆಟ್ ಇರುವಷ್ಟು ಹೊತ್ತು, ತೊಂಬತ್ತನಾಲ್ಕರ ಎಚ್ಚರಿಕೆ ಸೂಚನೆಗಳನ್ನೂ ಓದುತ್ತಾರೆ. ಕಳೆದ ವರ್ಷ ಹದಿನೇಳು ಸಲ ಗಂಟು ಬಿಚ್ಚಿ ಕಟ್ಟಿದ್ದಾರೆ. ಹದಿನೇಳು ಸಲವೂ ಹನ್ನೊಂದು ಊರು ಸುತ್ತಿದ್ದಾರೆ. ಎರಡು ಸಲ ಹಿಮದಲ್ಲಿ ಜೀಪು ನಿಂತು, ಕುದುರೆಯ ಮೇಲೆ ಹೋಗಿದ್ದಾರೆ. ಇಲ್ಗಿಜ್ ಪುಟ ತಿರುವುತ್ತಲೇ ಇದ್ದರು. ಕೊನೆಗೆ, "ಇದನ್ನ ಫೋಟೋ ತಕ್ಕೊಳ್ಲಾ?" ಎಂದರು. "ತಕ್ಕೋ. ಆದ್ರೆ ಓದೋ ಅಂಥೋರಿಗೇ ತೋರ್ಸು," ಎಂದರು ಎಜೆ.

ನಿನ್ನೆಯ ಹೊತ್ತಿಗೆ ಇನ್ನೂ ನಾಲ್ಕು ಊರು ಮುಗಿದಿವೆ. ಇವತ್ತಿನ ಪೆನ್‌ಡ್ರೈವ್ ಉಳಿದ ಆರಕ್ಕೆ. ಪತ್ರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿದೆ, ಅದರ ಮೇಲೆ ಕರಿದ ಹಿಟ್ಟಿನ ಬೋರ್ಸೋಕ್ ಇಟ್ಟ ತಟ್ಟೆ. ಬಿರುದು, ಬಹುಮಾನ ಎಂದರೆ ಊಲ್ಕಾನ್ ಕೈ ಕೊಡವುತ್ತಾರೆ. "ಅವರ ನಿಯಮದ ಪುಸ್ತಕದಲ್ಲಿ ಒಂದು ಸಾಲು ಸೇರಿಸ್ಲಿ ಸಾಕು. ಇಂಟರ್ನೆಟ್ ಇಲ್ದೇನೂ ಇದು ಓಡ್ಬೇಕು, ಅಂತ. ಅಲ್ಲೀವರೆಗೂ ನಾನು ಸಹಿ ಹಾಕಲ್ಲ. ಗಂಟು ಕಟ್ಟೋದನ್ನೂ ಬಿಡಲ್ಲ."

ಒಂಬತ್ತು ಗಂಟೆಗೆ, ಜೀಪು ಹೊರಡುವ ಮೊದಲು, ಫೋನು ಬರುತ್ತದೆ. ರಾಜಧಾನಿಯ ನೋಂದಣಿ ಕಚೇರಿಯ ಮುಖ್ಯಸ್ಥ ಕಾಲಿಸ್. ಆ ಕಡೆಯ ದನಿ ಕೋಣೆಗೆಲ್ಲ ಕೇಳುವಷ್ಟು ಜೋರಾಗಿದೆ: ಯಾರ ಅನುಮತಿ ಪಡೆದು ಹಾಕಿದಿರಿ? ಈಗಿಂದೀಗಲೇ ತೆಗೆಯಿರಿ! ಊಲ್ಕಾನ್ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅವಸರವಿಲ್ಲದೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ.

"ತೆಗೀಬಹುದು, ಕಾಲಿಸ್ ಬೈಕೆ. ಆದ್ರೆ ಆ ಕಾಗದ ತೋರಿಸಿ ಆರು ಸಾವಿರ ಕುರಿ ಆಗ್ಲೇ ಬೆಟ್ಟ ಹತ್ತಿವೆ. ಮೊದಲು ನೀವು ಬಂದು ಅವನ್ನ ಇಳಿಸ್ಕೊಡಿ."