ಹದಿನೈದು ದಿನದ ಪರೀಕ್ಷೆಗೆ ತಂದ ತಬಲಾ ಮಿಷನ್

1999ರ ಜುಲೈ ಎರಡನೇ ವಾರದಲ್ಲಿ ಹರಪನಹಳ್ಳಿಯ ಒಂದು ರೇಡಿಯೊ ಅಂಗಡಿಯಿಂದ ಡಿಜಿಟಲ್ ತಬಲಾ ಮಿಷನ್ ಒಂದನ್ನು ಹದಿನೈದು ದಿನದ ಪರೀಕ್ಷೆಗೆಂದು ಕೊಟ್ಟೂರಿನ ನಮ್ಮ ಮನೆಗೆ ತಂದೆ. ಹಿಡಿಸಿದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಡಬ್ಬಿ ಸಮೇತ ವಾಪಸು ಕೊಡುವುದು ಎಂದು ಮಾತಾಗಿತ್ತು. ನಾನಾಗ ಒಂದು ಪತ್ರಿಕೆಗೆ ಕೂಡ್ಲಿಗಿ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಮಿಷನ್ ಬೇಕಾಗಿದ್ದದ್ದು ಅಕ್ಕನಿಗೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹನ್ನೊಂದು ವರ್ಷಗಳಿಂದ ನಮ್ಮ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಆ ವರ್ಷ ಹತ್ತು ಹುಡುಗಿಯರು ಬರುತ್ತಿದ್ದರು. ಮೊದಲ ದಿನದಿಂದ ಅವಳಿಗೆ ತಬಲಾ ಸಾಥ್ ಕೊಟ್ಟವರು ಬಟ್ಟೆ ಅಂಗಡಿಯೊಂದರ ಗುಮಾಸ್ತರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಆ ಬೇಸಿಗೆಯಲ್ಲಿ ಅವರ ಅಂಗಡಿ ಮುಚ್ಚಿ, ಅವರು ತಂಬ್ರಹಳ್ಳಿಯ ಅಣ್ಣನ ಹೊಲಕ್ಕೆ ಹೋದರು. ಹಡಗಲಿಯಿಂದ ಇನ್ನೊಬ್ಬ ತಬಲಾದವರನ್ನು ಕರೆಸಿದೆವು. ಎರಡು ವಾರ ಬಂದು, ಬಸ್ಸಿನ ಹೊತ್ತು ಸರಿಹೋಗುವುದಿಲ್ಲ ಎಂದು ನಿಲ್ಲಿಸಿದರು. ವರ್ಷದ ಕೊನೆಗೆ ಮೂವರು ಹುಡುಗಿಯರು ಸಂಗೀತ ಪರೀಕ್ಷೆಗೆ ಕೂರಬೇಕಿತ್ತು. ಅಲ್ಲಿ ತಬಲಾ ನುಡಿಸುವವರು ಪರೀಕ್ಷೆ ನಡೆಸುವವರ ಕಡೆಯವರು. ಹಿಂದೆ ಎರಡು ಸಲ ನಮ್ಮ ಹುಡುಗಿಯರು ಅಲ್ಲಿ ಫೇಲಾಗಿದ್ದರು.

"ಇದೇನ್ಲೇ ತಮ್ಮಾ, ಉಪ್ಪಿನಕಾಯಿ ಡಬ್ಬಿ ತಂದಿ?" ಎಂದಳು ಅಕ್ಕ.

"ತಬಲಾ."

"ಅಷ್ಟು ದಪ್ಪ ಕಾಕಾನ್ನ ಇದರಾಗ ಹೆಂಗ ಹಿಡಿಸ್ಯಾರಪ್ಪಾ!"

ಹುಡುಗಿಯರು ನಕ್ಕರು. ಒಬ್ಬಳು ಡಬ್ಬಿಯ ಮೇಲೆ ಕೈಯಾಡಿಸಿ, "ಟೀಚರ್, ಚಾ ಕೊಡೋದೂ ಬ್ಯಾಡ ಇದಕ್ಕ" ಎಂದಳು.

ಸುದ್ದಿಗೆಂದು ಇಟ್ಟುಕೊಂಡಿದ್ದ ನೋಟ್‌ಬುಕ್ಕಿನಲ್ಲೇ ನಾನು ಮಿಷನ್ನಿನ ಗುಣದೋಷ ಬರೆಯತೊಡಗಿದೆ. ಅಕ್ಕ ಹಾಡುವ, ಹಾರ್ಮೋನಿಯಮ್ಮಿನ ಕಪ್ಪು ನಾಲ್ಕರ ಶ್ರುತಿಗೆ ಸರಿಯಾಗಿ ಕೂಡುತ್ತದೆ. ಬಲಗೈ ತಬಲಾದ ದನಿ ಪರವಾಗಿಲ್ಲ. ಎಡಗೈ ಡಗ್ಗಾ ಮಾತ್ರ ಖಾಲಿ ಡಬರಿ ಬಡಿದಂತೆ ಕೇಳುತ್ತದೆ. ಪಡಸಾಲೆಗೆ ಸದ್ದು ಸಾಕು. ವೇಗದ ಗುಂಡಿಗೆ ಅಂಕಿ ಇಲ್ಲ, ಅಂದಾಜಿನ ಮೇಲೆ ತಿರುಗಿಸಬೇಕು. ಕರೆಂಟು ಹೋಗಿ ಬಂದರೆ ನಾವಿಟ್ಟ ತಾಳ ಮರೆತು ತನ್ನದೇ ತಾಳಕ್ಕೆ ಮರಳುತ್ತದೆ. ಬೆಲೆ ನಮ್ಮಂಥವರ ಕೈಗೆಟುಕುವಂಥದ್ದು.

ಐದನೆಯ ದಿನ ದೋಷ ಕಂಡಿತು. ಅಕ್ಕ ರೂಪಕ ತಾಳದ ಒಂದು ವಚನ ಎತ್ತಿಕೊಂಡಳು. ರೂಪಕ ಎಂದರೆ ಏಳು ಪೆಟ್ಟಿನ ಸುತ್ತು. ಏಳು ಮುಗಿದು ಮತ್ತೆ ಒಂದು. ವಚನದ ಉದ್ದದ ಸಾಲು ಮುಗಿಸಿ ಅಕ್ಕ ಮತ್ತೆ ಪಲ್ಲವಿಗೆ ಬಂದಾಗ ಮಿಷನ್ ಒಂದು ಪೆಟ್ಟು ಮುಂದೆ ಹೋಗಿತ್ತು. ಮತ್ತೆ ಹಾಡಿದಳು. ಮತ್ತೆ ಅದೇ ಜಾಗದಲ್ಲಿ ತಪ್ಪಿತು.

"ವೋಲ್ಟೇಜ್ ಇಲ್ಲ ನೋಡು, ಪೆಟ್ಟು ನುಂಗಾಕ ಹತ್ತೈತಿ" ಎಂದಳು.

ಸೆಲ್ಲು ಹಾಕಿ ನೋಡಿದೆವು. ಆಗಲೂ ನುಂಗಿತು. ಪರೀಕ್ಷೆಗೆ ಹೋಗಬೇಕಿದ್ದ ಮೂವರಲ್ಲಿ ದೊಡ್ಡವಳನ್ನು ಹಾಡಿಸಿದೆವು. ಅವಳು ಹಾಡಿದಾಗಲೂ ಅದೇ ಸಾಲಿನ ಕೊನೆಗೆ ಮಿಷನ್ ಒಂದು ಪೆಟ್ಟು ಮುಂದೆ. ಇಬ್ಬರ ಸಾಕ್ಷ್ಯ ಒಂದೇ ಆಯಿತು ಎಂದುಕೊಂಡು ನಾನು ಬರೆದೆ: "ಏಳರ ತಾಳದಲ್ಲಿ ಆಗಾಗ ಒಂದು ಪೆಟ್ಟು ನುಂಗುತ್ತದೆ. ದೋಷವಿರುವ ಮಾಲು."

ಮರುದಿನ ಡಬ್ಬಿ ಹಿಡಿದು ಹರಪನಹಳ್ಳಿಗೆ ಹೋದೆ. ಅಂಗಡಿಯವರು ಗಲ್ಲೆಯ ಮೇಲೆ ಮಿಷನ್ ಇಟ್ಟು ರೂಪಕ ಹಚ್ಚಿದರು.

"ಎಣಿಸ್ರೀ, ನೀವೂ ಎಣಿಸ್ರೀ. ಆಮೇಲೆ ನಾನು ಮೋಸ ಮಾಡಿದೆ ಅನ್ನಬಾರದು."

ಇಬ್ಬರೂ ಬೆರಳು ಮಡಿಸಿ ಎಣಿಸಿದೆವು. ನಡುವೆ ಟಾರ್ಚಿನ ಬಲ್ಬಿಗೆ ಬಂದವರೊಬ್ಬರು ಕಾದು ಕಾದು ತಾವೂ ಎಣಿಸತೊಡಗಿದರು. ಎಲ್ಲ ಸುತ್ತೂ ಏಳೇ.

"ನುಂಗೋದು ಇದಲ್ರೀ. ಇದಕ್ಕೆ ಹಸಿವೂ ಇಲ್ಲ, ಉಸಿರೂ ಇಲ್ಲ. ಹಾಡೋರು ಯಾರು?"

"ನಮ್ಮಕ್ಕ."

"ಹಂಗಾರೆ ನಾನು ಏನೂ ಅಂದಿಲ್ಲ ಬಿಡ್ರೀ" ಎಂದು ಅವರು ಬಲ್ಬು ಹುಡುಕಲು ಒಳಗೆ ಹೋದರು.

ಮನೆಗೆ ಬಂದು ಹಳೆಯ ಕ್ಯಾಸೆಟ್ಟುಗಳನ್ನು ತೆಗೆದೆ. ಅಭ್ಯಾಸವನ್ನು ಟೇಪು ಮಾಡಿಡುವ ರೂಢಿ ಅಕ್ಕನಿಗಿತ್ತು. ಅಕ್ಕ ಪೇಟೆಗೆ ಹೋಗಿದ್ದ ಹೊತ್ತಿನಲ್ಲಿ ಕಾಕಾ ನುಡಿಸಿದ ರೂಪಕವನ್ನು ಎಣಿಸಿದೆ. ಏಳು, ಏಳು, ಏಳು, ಎಂಟು. ಉದ್ದದ ಸಾಲಿನ ಕೊನೆಗೆ ಅಕ್ಕ ಉಸಿರು ತೆಗೆದುಕೊಳ್ಳುವಲ್ಲಿ ಕಾಕಾ ಒಂದು ಮೆತ್ತನೆಯ 'ನಾ' ಪೆಟ್ಟು ಸೇರಿಸುತ್ತಿದ್ದರು. ಗೊತ್ತಿದ್ದು ಕೇಳಿದರೆ ಮಾತ್ರ ಕೇಳಿಸುವಷ್ಟು ಮೆತ್ತಗೆ. ಇನ್ನೊಂದು ಕ್ಯಾಸೆಟ್ಟು, ಮತ್ತೊಂದು. ಹುಡುಗಿಯರು ಹಾಡಿದ್ದರಲ್ಲೂ ಅದೇ ಜಾಗದಲ್ಲಿ ಎಂಟು.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ತಂಬ್ರಹಳ್ಳಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದರು.

"ಬಾರಪ್ಪಾ ಪೇಪರ್‌ನವನೇ. ಮಿಷನ್ ತಂದೀರಂತಲ್ಲ, ಹೆಂಗ ಬಾರಸ್ತೈತಿ?"

"ಏಳಕ್ಕ ಏಳೇ ಬಾರಸ್ತೈತಿ ಕಾಕಾ."

ಅವರ ಕೈ ನಿಂತಿತು. "ಹಂಗಾರ ನಾ ಸಿಕ್ಕಿಬಿದ್ದೆ" ಎಂದರು.

"ಎಂದಿನಿಂದ?"

"ಮೊದಲನೇ ದಿನದಿಂದ. ಹೊಸಾ ಟೀಚರಮ್ಮ, ಹುಡುಗ್ಯಾರ ಮುಂದ ಯಾಕ ತಪ್ಪು ತೋರಸ್ಲಿ, ನಾಳೆ ಹೇಳಿದ್ರಾತು ಅಂದ್ಕೊಂಡೆ. ನಾಳೆ ನಾಳೆ ಅನ್ಕೋತ ಹನ್ನೊಂದು ವರ್ಷ ಆತು. ಆಮ್ಯಾಲ ಹೇಳಾಕ ಬಾಯಿ ಎಲ್ಲೈತಿ?"

"ಹುಡುಗ್ಯಾರು ಫೇಲಾದ್ರಲ್ಲ."

"ಗೊತ್ತೈತಿ. ನೀ ಪೇಪರ್‌ನ್ಯಾಗ ಬರದದ್ದೂ ಓದೇನಿ."

ನಾನು ಬರೆದದ್ದು ಇದು: ಎರಡನೆಯ ಸಲ ಹುಡುಗಿಯರು ಫೇಲಾದಾಗ, ಸಣ್ಣ ಊರಿನ ಮಕ್ಕಳಿಗೆ ಪರೀಕ್ಷಕರು ಅನ್ಯಾಯ ಮಾಡಿದ್ದಾರೆ ಎಂಬ ಅಕ್ಕನ ಮತ್ತು ಪಾಲಕರ ಆರೋಪವನ್ನು ಎರಡು ಕಾಲಮ್ಮಿನಲ್ಲಿ ಕಳಿಸಿದ್ದೆ. ಅದು ಅಚ್ಚಾಗಿತ್ತು. ಪರೀಕ್ಷಕರನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

"ಅಕ್ಕಗ ಹೇಳಬ್ಯಾಡ" ಎಂದರು ಕಾಕಾ. "ಪಾಠ ನಿಂತು ಹೋಗತೈತಿ. ಹೆಂಗರ ಮಾಡಿ ನಾನ ವಾರಕ್ಕ ಎರಡು ದಿನ ಬರ್ತೀನಿ."

"ಪರೀಕ್ಷಾಕ್ಕ ಬರಾಕ ಆಗತೈತೇನು?"

ಅವರು ಮತ್ತೆ ಶೇಂಗಾ ಸುಲಿಯತೊಡಗಿದರು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಹೇಳಿದರೆ ಅಕ್ಕನ ಪಾಠ ಉಳಿಯುವುದು ಕಷ್ಟ. ಆ ಊರಿನಲ್ಲಿ ಅವಳಿಗೆ ಇದ್ದ ಹೆಸರೆಲ್ಲ ಆ ಪಾಠದ್ದೇ. ಹೇಳದಿದ್ದರೆ ನನಗೆ ಗೊತ್ತಿದ್ದೂ ಗೊತ್ತಿದ್ದೂ ಮೂವರು ಹುಡುಗಿಯರು ಫೇಲಾಗಲು ಹೋಗುತ್ತಾರೆ.

ಮರುದಿನ ಊಟವಾದ ಮೇಲೆ ಹೇಳಿದೆ. ಮಾತಿಗಿಂತ ಮೊದಲು ಕ್ಯಾಸೆಟ್ಟು ಹಚ್ಚಿದೆ. ಅಕ್ಕ ಬೆರಳ ಗೆಣ್ಣಿನ ಮೇಲೆ ಎಣಿಸಿದಳು. ಎಂಟಕ್ಕೆ ಬಂದಾಗ ಹೆಬ್ಬೆರಳು ಗಾಳಿಯಲ್ಲಿ ನಿಂತಿತು. ತಾನೇ ಹಿಂದಕ್ಕೆ ತಿರುಗಿಸಿ ನಾಲ್ಕು ಸಲ ಕೇಳಿದಳು.

"ಕಾಕಾಗ ಗೊತ್ತಿತ್ತೇನು?"

"ಗೊತ್ತಿತ್ತು."

"ಹಡಗಲಿಯವರಿಗೆ?"

"ಕೇಳಿಲ್ಲ."

"ನೀ ಪೇಪರ್‌ನ್ಯಾಗ ಬರಿಯೋವಾಗ ಎಣಸಲಿಲ್ಲಲ್ಲೋ."

"ನೀ ಹೇಳಿದ್ದು ಬರದೆ."

"ಹೌದು" ಎಂದಳು. "ನಾನ ಹೇಳಿದ್ದೆ."

ಆ ಭಾನುವಾರ ಹುಡುಗಿಯರನ್ನು ತಾಯಂದಿರ ಜೊತೆ ಕರೆಸಿದಳು. ಮಿಷನ್ ಹಚ್ಚಿ, ಎಲ್ಲರ ಮುಂದೆ ಹಾಡಿ, ತಪ್ಪಿದ ಜಾಗದಲ್ಲಿ ನಿಂತಳು. ಎರಡನೆಯ ಸಲ ಹಾಡಿದಾಗಲೂ ಅಲ್ಲೇ ತಪ್ಪಿತು. ಗೊತ್ತಾದ ಮೇಲೂ ಉಸಿರು ಅದೇ ಜಾಗ ಬೇಡುತ್ತಿತ್ತು.

"ಅಂದ್ರ ನಮ್ಮ ಹುಡುಗಿ ನಾಕು ವರ್ಷ ತಪ್ಪೇ ಕಲ್ತಳೇನ್ರಿ?" ಎಂದು ಒಬ್ಬ ತಾಯಿ ಕೇಳಿದರು.

"ಏಳರ ತಾಳದಾಗ ಹೌದ್ರಿ."

"ಇನ್ನ ಯಾವ್ಯಾವ್ದು ತಪ್ಪೈತಿ, ಅದನ್ನೂ ಹೇಳಿಬಿಡ್ರಿ. ಒಂದ ಸಲಕ್ಕ ಮುಗೀಲಿ" ಎಂದರು ಇನ್ನೊಬ್ಬರು.

ಅಕ್ಕ ಉಳಿದ ತಾಳಗಳನ್ನೂ ಒಂದೊಂದಾಗಿ ಹಚ್ಚಿ ಹಾಡಿದಳು. ಎಂಟರದೂ ಆರರದೂ ಸರಿಯಿದ್ದವು. ಹತ್ತರ ತಾಳದಲ್ಲಿ ಒಂದು ಕಡೆ ತಪ್ಪಿತು. ಆ ವಾರ ಐವರು ಪಾಠ ಬಿಟ್ಟರು. ಪರೀಕ್ಷೆಯ ಮೂವರಲ್ಲಿ ಒಬ್ಬಳು ಅವರಲ್ಲಿದ್ದಳು.

ಅದೇ ವಾರ ಕಾಕಾ ಬಂದರು. ಅಕ್ಕ ಚಾ ಕೊಟ್ಟಳು. ಅವರು ತಬಲಾದ ಗವಸು ಬಿಚ್ಚಲು ಹೋದಾಗ ತಡೆದಳು.

"ನಾ ತಪ್ಪಿದ್ರ ನಿಂದ್ರಸ್ತೀರೇನು ಕಾಕಾ?"

"ನಿಂದ್ರಸ್ತೀನಿ ತಂಗಿ."

"ನೀವು ನಿಂದ್ರಸ್ತೀರಿ, ನಿಮ್ಮ ಕೈ ನಿಂದ್ರಂಗಿಲ್ಲ."

ಕಾಕಾ ಚಾ ಕುಡಿದು ಮಧ್ಯಾಹ್ನದ ಬಸ್ಸಿಗೆ ಹೋದರು. ಸಂಬಂಧ ಮುರಿಯಲಿಲ್ಲ, ಹಬ್ಬಕ್ಕೆ ಬರುತ್ತಿದ್ದರು. ತಬಲಾ ಮುಟ್ಟಲಿಲ್ಲ.

ಹದಿನೈದನೆಯ ದಿನ ನಾನು ದುಡ್ಡು ಕೊಟ್ಟು ಮಿಷನ್ ಇಟ್ಟುಕೊಂಡೆ. ನೋಟ್‌ಬುಕ್ಕಿನ "ದೋಷವಿರುವ ಮಾಲು" ಎಂಬ ಸಾಲಿಗೆ ಅಡ್ಡಗೆರೆ ಎಳೆದೆ. ಪತ್ರಿಕೆಗೆ ಮೂರು ಸಾಲಿನ ತಿದ್ದುಪಡಿ ಕಳಿಸಿದೆ. ಹಳೆಯ ಸುದ್ದಿ, ಈಗ ಬೇಡ ಎಂದು ಡೆಸ್ಕಿನಿಂದ ಹೇಳಿ ಕಳಿಸಿದರು. ಪರೀಕ್ಷಕರಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ.

ಅಕ್ಕ ದಿನವೂ ಬೆಳಿಗ್ಗೆ ಮಿಷನ್ ಮುಂದೆ ಕೂತು ಆ ಸಾಲನ್ನು ಹಾಡಿಕೊಳ್ಳುತ್ತಿದ್ದಳು. ನಿಧಾನವಾಗಿ ಹಾಡಿದರೆ ಏಳಕ್ಕೆ ಬರುತ್ತಿತ್ತು. ವೇಗ ಸ್ವಲ್ಪ ಏರಿಸಿದರೆ ಮತ್ತೆ ಎಂಟಾಗುತ್ತಿತ್ತು. ಹುಡುಗಿಯರು ಅವಳಿಗಿಂತ ಬೇಗ ತಿದ್ದಿಕೊಂಡರು. ಪರೀಕ್ಷೆಗೆ ಇಬ್ಬರು ಹೋದರು. ಇಬ್ಬರೂ ಪಾಸಾದರು.

ಅದಾದ ಮೇಲೆ ಅಕ್ಕ ರೂಪಕದ ಪಾಠ ನಿಲ್ಲಿಸಿದಳು. 2007ರ ಬೇಸಿಗೆಯಲ್ಲಿ ಅವಳ ಬಳಿ ನಾಲ್ವರು ಹುಡುಗಿಯರು ಕಲಿಯುತ್ತಿದ್ದರು. ಏಳರ ತಾಳಕ್ಕೆ ಅವರು ಶನಿವಾರಗಳಂದು ಹಗರಿಬೊಮ್ಮನಹಳ್ಳಿಯ ಇನ್ನೊಬ್ಬ ಟೀಚರ್ ಹತ್ತಿರ ಹೋಗುತ್ತಿದ್ದರು. ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದವಳು ಅಕ್ಕ.