ಸವಿತ ಬಿಟ್ಟುಹೋದ ಮೂವರು

ಮದ್ದೂರಿನ ಬಸ್ ನಿಲ್ದಾಣದಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ರಾಮನಗರದಲ್ಲಿ ರೇಷ್ಮೆಗೂಡು ಮಾರಿ ಬಂದಿದ್ದವರೊಬ್ಬರು ಪಕ್ಕದಲ್ಲಿ ಕುಳಿತು, ಮಡಿಸಿದ ಖಾಲಿ ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡರು. ಗೂಡು ಮಾರಾಟವಾಗಿತ್ತು, ವಾಸನೆ ಮಾತ್ರ ಚೀಲದಲ್ಲೇ ಉಳಿದಿತ್ತು. ಬಾಡಿದ ಹಿಪ್ಪುನೇರಳೆ ಸೊಪ್ಪು, ಸುಣ್ಣದ ಪುಡಿ, ಅದರಡಿಯಲ್ಲಿ ಹೆಸರಿಡಲಾಗದ ಒಂದು ಬೆಚ್ಚನೆಯ ಜೀವದ ವಾಸನೆ. ಈ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹೋಗಿ ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತೆ. ಪಾಪ, ಅವರು ಏನೆಂದುಕೊಂಡರೋ. ನಿಮಗೂ ಇಂಥದ್ದೊಂದು ವಾಸನೆ ಎಲ್ಲೋ ಇದ್ದೀತು. ಅದು ಬಂದ ಕೂಡಲೇ ಈಗಿಲ್ಲದ ಒಂದು ಮನೆಯ ಬಾಗಿಲು ತೆರೆದುಕೊಳ್ಳುತ್ತದೆ, ಒಳಗಿನಿಂದ ಯಾರೋ ನಿಮ್ಮ ಹೆಸರು ಹಿಡಿದು ಕೂಗುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಮಂಡ್ಯದ ಗುತ್ತಲಿನಲ್ಲಿ. ರಜೆ ಬಂದರೆ ಮಾತ್ರ ನನ್ನ ಬಾಳೆಲ್ಲ ಹಲಗೂರಿನ ಆಚೆ, ಚಿಕ್ಕಪ್ಪನ ಊರಿನಲ್ಲಿ. ಉದ್ದನೆಯ ಹೆಂಚಿನ ಮನೆ. ಮುಂದೆ ಪಡಸಾಲೆ, ಹಿಂದೆ ನಡು ಎತ್ತರದ ಕಿಟಕಿಗಳಿದ್ದ ಹುಳುಮನೆ. ರೇಷ್ಮೆಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪು ಮೇಯುವ ವಾರದಲ್ಲಿ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಸಾವಿರಾರು ಸಣ್ಣ ಬಾಯಿಗಳು ಎಲೆ ಕತ್ತರಿಸುವ ಸದ್ದು ಗೋಡೆ ದಾಟಿ ನಮ್ಮ ಹಾಸಿಗೆಯವರೆಗೂ ಬರುತ್ತಿತ್ತು. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವುದು ಹೆಂಗಸರ ಮತ್ತು ಮಕ್ಕಳ ಕೆಲಸ. ಮೈಯೊಳಗೆ ದೀಪ ಹೊತ್ತಿಸಿದ ಹಾಗೆ ಹಳದಿಯಾಗಿ ಹೊಳೆಯುವ ಹುಳುವನ್ನು ದೂರದಿಂದಲೇ ಗುರುತಿಸುತ್ತಿದ್ದವಳು ಸವಿತ, ಚಿಕ್ಕಪ್ಪನ ಒಬ್ಬಳೇ ಮಗಳು. ನನಗಿಂತ ಎರಡು ವರ್ಷ ದೊಡ್ಡವಳು. ಅಕ್ಕ ಎಂದು ಕರೆಯಬೇಕಿತ್ತು, ನಾನು ಒಂದು ದಿನವೂ ಕರೆಯಲಿಲ್ಲ.

ನಾನು ಆರನೇ ತರಗತಿಯಲ್ಲಿದ್ದಾಗ ಅಪ್ಪನ ಸ್ನೇಹಿತರೊಬ್ಬರು ದುಬೈಯಿಂದ ಬರುವಾಗ ತಮ್ಮ ಮಕ್ಕಳು ಆಡಿ ಬಿಟ್ಟಿದ್ದ ಎರಡು ಗೇಮ್ ಪೆಟ್ಟಿಗೆಗಳನ್ನು ತಂದುಕೊಟ್ಟರು. ಅಂಗೈಯಷ್ಟು ದೊಡ್ಡವು. ಒಂದರ ಮೂಲೆ ಒಡೆದಿತ್ತು. ಅದನ್ನು ಸವಿತ ತಾನೇ ಕೇಳಿ ತೆಗೆದುಕೊಂಡಳು. ಎರಡರಲ್ಲೂ ಒಂದೇ ಆಟ: ಕಾಡಿನಲ್ಲಿ ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಆರನ್ನು ಆರಿಸಿ ತಂಡ ಕಟ್ಟಿ ಇನ್ನೊಬ್ಬರ ಆರರ ಮೇಲೆ ಕಾಳಗಕ್ಕೆ ಬಿಡಬೇಕು. ಬೆಂಕಿಯದು ನೀರಿನದಕ್ಕೆ ಸೋಲುತ್ತದೆ, ನೀರಿನದು ಗಿಡದ ಜಾತಿಯದಕ್ಕೆ, ಗಿಡದ್ದು ಬೆಂಕಿಗೆ. ಎರಡು ಪೆಟ್ಟಿಗೆಗಳ ನಡುವೆ ಒಂದು ತಂತಿ ಸಿಕ್ಕಿಸಿದರೆ ಪ್ರಾಣಿಗಳನ್ನು ಅದಲುಬದಲು ಮಾಡಿಕೊಳ್ಳಬಹುದಿತ್ತು. ಯಾರ ಕೈಗೆ ಹೋದರೂ ಮೊದಲು ಹಿಡಿದವರ ಹೆಸರು ಮಾತ್ರ ಅದರ ವಿವರದಲ್ಲಿ ಅಳಿಸದೆ ಉಳಿಯುತ್ತಿತ್ತು. ಹೆಸರಿಗೆ ಇಂಗ್ಲಿಷಿನ ಏಳೇ ಅಕ್ಷರಕ್ಕೆ ಜಾಗ. ತನ್ನ ಹೆಸರು ಒಂದಕ್ಷರವೂ ಹೆಚ್ಚಾಗದೆ ಕಡಿಮೆಯಾಗದೆ ಏಳಕ್ಕೆ ಸರಿಹೋಯಿತೆಂದು ಸವಿತಳಿಗೆ ಏನು ಹೆಮ್ಮೆ.

ನನ್ನ ತಂಡದಲ್ಲಿ ಎಲ್ಲವೂ ಹೊಡೆಯುವಂಥವೇ. ಕಿಡಿ ಎಂಬ ಬೆಂಕಿಯ ನರಿ, ಕೊಂಬ ಎಂಬ ಗೂಳಿ, ರಾಜ ಎಂಬ ಹಾರುವ ಹಾವು, ಇನ್ನೂ ಮೂರು ಅಂಥವೇ. ಮೊದಲ ಏಟಿಗೇ ಎದುರಿನದು ಬಿದ್ದರೆ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಬೀಳದಿದ್ದರೆ ಮಾತ್ರ ನನ್ನ ಆರೂ ಸಾಲಾಗಿ ಬೀಳುತ್ತಿದ್ದವು. ಒಂದು ಮಧ್ಯಾಹ್ನ ಹುಳುಮನೆಯ ಜಗಲಿಯಲ್ಲಿ ಐದನೇ ಸಲ ಸೋತು ನಾನು ಪೆಟ್ಟಿಗೆ ಎಸೆಯಲು ಹೋದಾಗ ಸವಿತ ಅದನ್ನು ಕಿತ್ತುಕೊಂಡು, "ಆರ್ ಜನಾನೂ ವಡೆಯೋರೇ ಆದ್ರೆ ವಡುಸ್ಕಳೋರು ಯಾರಮ್ಮಿ?" ಎಂದಳು. ಆಮೇಲೆ ಲೆಕ್ಕದ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ನನ್ನ ಆರು ಹೆಸರುಗಳನ್ನು ಎಡಕ್ಕೆ ಬರೆದು, ಮೇಲೆ ಬೆಂಕಿ, ನೀರು, ಗಿಡ, ಸಿಡಿಲು, ಕಲ್ಲು ಎಂದು ಮನೆ ಹಾಕಿ, ಯಾವುದು ಯಾವುದಕ್ಕೆ ಸೋಲುತ್ತದೆಯೋ ಅಲ್ಲೆಲ್ಲ ಸೊನ್ನೆ ಸುತ್ತಿದಳು. ನೀರಿನ ಕೆಳಗೆ ನಾಲ್ಕು ಸೊನ್ನೆ. ನೀರಿನ ಪ್ರಾಣಿ ಒಂದು ಎದುರು ಬಂದರೆ ಸಾಕು, ನನ್ನ ಮುಕ್ಕಾಲು ಮನೆ ಮುಳುಗುತ್ತಿತ್ತು.

ಅವಳ ತಂಡ ನೋಡಲು ಚೆಂದವಿರಲಿಲ್ಲ. ಗುಂಡ ಎಂಬ ಕಲ್ಲಿನ ಆಮೆ ಎಲ್ಲರಿಗಿಂತ ಕೊನೆಗೆ ಕದಲುತ್ತಿತ್ತು. ಅದಕ್ಕೆ ವೇಗ ಕಲಿಸುವುದು ದಂಡವೆಂದು ಅವಳು ಕಲಿಸಿದ್ದೆಲ್ಲವನ್ನೂ ತಾಳಿಕೊಳ್ಳುವುದಕ್ಕೇ ಸುರಿದಿದ್ದಳು. ಬೆಳ್ಳಿ ಎಂಬ ಹಕ್ಕಿ ಬೇರೆಯವರ ಗಾಯ ಮಾಯಿಸುತ್ತಿತ್ತು. ಮಂಕ ಎಂಬ ಕೆಸರಿನ ಕಪ್ಪೆ ಎದುರಿನವರನ್ನು ನಿದ್ದೆಗೆ ಕೆಡವುತ್ತಿತ್ತು. ಉಳಿದ ಮೂರರಲ್ಲಿ ಹೊಡೆಯುವವು ಎರಡೇ. ಅವುಗಳಿಗೂ ಭಾರಿ ಏಟು ಬಿಡಿಸಿ, ಕಡಿಮೆ ಬಲದ ಆದರೆ ಗುರಿ ತಪ್ಪದ ಏಟು ಕಲಿಸಿದ್ದಳು. ಒಂದನ್ನು ಬದಲಿಸಿದರೆ ಮೂರು ದಿನ ಆಡಿ ನೋಡಬೇಕು, ಒಟ್ಟಿಗೆ ಎರಡನ್ನು ಬದಲಿಸಿದರೆ ಯಾವುದರಿಂದ ಗೆದ್ದೆವೆಂದು ತಿಳಿಯುವುದಿಲ್ಲ ಎನ್ನುತ್ತಿದ್ದಳು. ಇದೆಲ್ಲ ಅವಳಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನಡುನಡುವೆ ಎದ್ದು ಹೋಗಿ ಹುಳುವಿಗೆ ಸೊಪ್ಪು ಹರಡಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು.

ಮರುವರ್ಷ ಬೇಸಿಗೆಯಲ್ಲಿ ಮಂಡ್ಯದ ಒಂದು ಸಿ.ಡಿ. ಅಂಗಡಿಯವನು ಈ ಆಟದ ಪಂದ್ಯ ಇಟ್ಟ. ಊರಿಗೆಲ್ಲ ಸೇರಿ ಹನ್ನೊಂದು ಮಂದಿ ಹೆಸರು ಕೊಟ್ಟಿದ್ದರು, ಹುಡುಗಿ ನಾನೊಬ್ಬಳೇ. ಆ ಭಾನುವಾರ ಚಿಕ್ಕಪ್ಪನ ಮನೆಯಲ್ಲಿ ಹುಳು ಹಣ್ಣಾಗುವ ಹೊತ್ತು. ಯಾರೂ ಮನೆ ಬಿಡುವಂತಿಲ್ಲ ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿಬಿಟ್ಟರು. ನಾನು ಫೋನು ಇಡಲಿಲ್ಲ. ಸವಿತ ಬಾರದಿದ್ದರೆ ಸೋಲುತ್ತೇನೆ, ಎಲ್ಲರೂ ನಗುತ್ತಾರೆ ಎಂದು ಅತ್ತುಬಿಟ್ಟೆ. ಚಿಕ್ಕಪ್ಪ ಫೋನು ಇಸಕೊಂಡು, ಬೆಳಿಗ್ಗೆ ಸೊಪ್ಪು ಹಾಕಿ ಕರೆದುಕೊಂಡು ಬರುತ್ತೇನೆ, ಸಂಜೆ ಹುಳು ಆರಿಸುವ ಹೊತ್ತಿಗೆ ವಾಪಸು ಬರಬೇಕು ಎಂದರು. ಹಾಗೆಯೇ ಬೈಕಿನಲ್ಲಿ ಬಂದರು. ಸವಿತ ನೀಲಿ ಚೂಡಿದಾರ ಹಾಕಿಕೊಂಡು, ಹೆಗಲಿಗೆ ಶಾಲೆಯ ಬ್ಯಾಗು ಏರಿಸಿಕೊಂಡಿದ್ದಳು. ಅವಳ ಬೆರಳುಗಳಿಗೆ ಆ ವಾಸನೆ ಅಂಟಿಕೊಂಡಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ನಾವು ತಂತಿ ಸಿಕ್ಕಿಸಿದೆವು. ಗುಂಡ, ಬೆಳ್ಳಿ, ಮಂಕ ನನ್ನ ಕಡೆಗೆ ಬಂದವು. ಒಂದನ್ನು ಕೊಡದೆ ಒಂದು ಸಿಗದ ಆಟವಾದ್ದರಿಂದ ನನ್ನ ಕಿಡಿ ಮತ್ತು ಇನ್ನೆರಡು ಅವಳ ಕಡೆಗೆ ಹೋದವು. ಕೊಂಬ, ರಾಜ, ಇನ್ನೊಂದು ನನ್ನಲ್ಲೇ ಉಳಿದವು.

ಮೊದಲ ಮೂರು ಆಟ ಗೆದ್ದೆ. ಗುಂಡ ಏಟು ತಿನ್ನುತ್ತಾ ನಿಲ್ಲುವಾಗ ಎದುರಿನ ಹುಡುಗರ ಮುಖ ನೋಡಬೇಕಿತ್ತು. ಕೊನೆಯ ಆಟದಲ್ಲಿ, ಎದುರಿನವನಿಗೆ ಒಂದೇ ಒಂದು ಉಳಿದಿತ್ತು, ಅದೂ ನೀರಿನದು. ಗುಂಡನನ್ನು ಹಿಂದಕ್ಕೆ ಕರೆದು ಬೆಳ್ಳಿಯನ್ನು ಬಿಟ್ಟು, ಗಾಯ ಮಾಯಲು ಒಂದು ಸರದಿ ಕಾಯಬೇಕಿತ್ತು. ಸವಿತ ಗೋಡೆಗೊರಗಿ ನಿಂತಿದ್ದಳು, ಹೇಳಿಕೊಡುವಂತಿರಲಿಲ್ಲ. ಒಂದೇ ಏಟಿಗೆ ಮುಗಿಸುವ ಆಸೆಗೆ ನಾನು ರಾಜನನ್ನು ಬಿಟ್ಟು ಭಾರಿ ಏಟು ಒತ್ತಿದೆ. ಗುರಿ ತಪ್ಪಿತು. ರಾಜ ಬಿದ್ದ, ಅವನ ಹಿಂದೆ ಗಾಯಗೊಂಡಿದ್ದ ಉಳಿದವೂ ಬಿದ್ದವು. ಸೋತೆ.

ಹೊರಗೆ ಬಂದಾಗ ಚಿಕ್ಕಪ್ಪ ಆಗಲೇ ಬೈಕಿನ ಮೇಲೆ ಕುಳಿತಿದ್ದರು. ಪ್ರಾಣಿಗಳನ್ನು ವಾಪಸು ಬದಲಿಸಿಕೊಳ್ಳೋಣವೆಂದು ಸವಿತ ಕೈಚಾಚಿದಳು. ನಾನು ತಂತಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಕೊಡುವುದಿಲ್ಲ ಎಂದೆ. ಇವಿದ್ದರೆ ನಾನೂ ಕಲಿಯುತ್ತೇನೆ, ನೀನು ಬೇಕೆಂದೇ ನನಗೆ ಕಲಿಸಲಿಲ್ಲ ಎಂದೆ. ಕೆಟ್ಟ ಮಾತು ಇನ್ನೂ ಆಡಿದೆ. ಕಾಲು ಗಂಟೆ ಆಗಿರಬೇಕು. ಚಿಕ್ಕಪ್ಪ ಎರಡು ಸಲ ಹಾರನ್ ಹೊಡೆದರು. ಕೊನೆಗೆ ಸವಿತ ತನ್ನ ಪೆಟ್ಟಿಗೆಯನ್ನು ಬ್ಯಾಗಿಗೆ ಹಾಕಿಕೊಂಡು, ನನ್ನ ಜಡೆ ಎಳೆದು, "ಬುಡು, ನಿನ್ನತ್ರನೇ ಇರ್ಲಿ. ನಿನ್ನವ್ಕೆ ನಾನು ವಸಿ ಬುದ್ಧಿ ಕಲುಸ್ತೀನಿ. ಮುಂದಿನ್ ವಾರ ಬಂದಾಗ ಬದಲಾಯಿಸ್ಕಳಾನ" ಎಂದಳು.

ಮದ್ದೂರು ದಾಟಿದ ಮೇಲೆ ಹತ್ತಿರವಾಗಲೆಂದು ಚಿಕ್ಕಪ್ಪ ನಾಲೆಯ ಏರಿಯ ದಾರಿ ಹಿಡಿದರಂತೆ. ಮುಸ್ಸಂಜೆ, ಎದುರಿಗೆ ಕಬ್ಬಿನ ಗಾಡಿ, ತಿರುವಿನಲ್ಲಿ ಜಲ್ಲಿ. ಬೈಕು ಜಾರಿತು. ಚಿಕ್ಕಪ್ಪ ಏರಿಯ ಮೇಲೆ ಬಿದ್ದರು, ಸವಿತ ನಾಲೆಗೆ ಬಿದ್ದಳು. ಬೇಸಿಗೆ ಬೆಳೆಗೆಂದು ತುಂಬು ನೀರು ಬಿಟ್ಟಿದ್ದ ಕಾಲ. ಮಾರನೆಯ ದಿನ ಅವಳು ಸಿಕ್ಕಳು. ಬ್ಯಾಗು ಸಿಗಲೇ ಇಲ್ಲ.

ಆ ಮನೆಗೆ ನಾವು ಹೋದಾಗ ಚಂದ್ರಿಕೆಗೆ ಬಿಡುವವರಿಲ್ಲದೆ ಹಣ್ಣಾದ ಹುಳುಗಳು ತಟ್ಟೆಯಲ್ಲೇ, ಕಂಬದ ಮೂಲೆಯಲ್ಲೇ, ಕಿಟಕಿಯ ಸಂದಿಯಲ್ಲೇ ಎಲ್ಲೆಂದರಲ್ಲಿ ಗೂಡು ಕಟ್ಟುತ್ತಿದ್ದವು. ಚಿಕ್ಕಪ್ಪನ ಜೊತೆಗೇ ಇದ್ದ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ಕಾಲ ಸದ್ದು ಕೇಳಿ, ತಿರುಗದೆಯೇ, "ಆ ಆಟ್ದ ಪೆಟ್ಗೆ ಮನೀಗೆ ಬರ್ದೆ ಇದ್ದಿದ್ರೆ ನನ್ ಕೂಸು ಇವತ್ತು ಇರೋದು" ಎಂದರು. ಅಷ್ಟೇ. ಇನ್ಯಾರೂ ನನಗೆ ಏನೂ ಅನ್ನಲಿಲ್ಲ. ನನ್ನ ಎದುರಿಗೆ ಅವಳ ಹೆಸರು ಎತ್ತುವುದನ್ನೇ ಎಲ್ಲರೂ ಬಿಟ್ಟರು. ಚಿಕ್ಕಪ್ಪ ಮತ್ತೆ ಹುಳು ಸಾಕಲಿಲ್ಲ. ಅಜ್ಜಿ ಹೋದರು. ರಸ್ತೆ ಅಗಲವಾದಾಗ ಪಡಸಾಲೆ ಹೋಯಿತು, ಉಳಿದದ್ದನ್ನು ಮಾರಿ ಚಿಕ್ಕಪ್ಪ ಚಿಕ್ಕಮ್ಮ ಮಳವಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದರು.

ನನ್ನ ಪೆಟ್ಟಿಗೆಯನ್ನು ನಾನು ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟೆ. ಮನೆಯಲ್ಲಿ ಯಾರೂ ಇಲ್ಲದಾಗ ತೆಗೆದು ನೋಡುತ್ತಿದ್ದೆ. ಮೂವರೂ ಇದ್ದರು. ಆಡಿದರೆ ಒಮ್ಮೊಮ್ಮೆ ಮಾತು ಕೇಳುತ್ತಿರಲಿಲ್ಲ. ಬೇರೆಯವರು ಸಾಕಿದ ಪ್ರಾಣಿಗಳು ಹಾಗೆ ಮಾಡುತ್ತವೆಂದು ಆಟದಲ್ಲೇ ಒಂದು ನಿಯಮ ಇದೆ, ನನಗೂ ಗೊತ್ತಿತ್ತು. ಆದರೂ ಗುಂಡ ನಾನು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ ಬೇರೆ ಕಡೆ ತಿರುಗಿದಾಗ, ನಾನೂ ಅದು ನೋಡುತ್ತಿದ್ದ ಕಡೆಗೇ ಹಿಂದಿರುಗಿ ನೋಡಿಬಿಡುತ್ತಿದ್ದೆ. ಅಲ್ಲಿ ಬೀರು ಇರುತ್ತಿತ್ತು, ಗೋಡೆ ಇರುತ್ತಿತ್ತು. ನನ್ನ ಕಿಡಿ ಮತ್ತು ಇನ್ನೆರಡು ಎಲ್ಲೋ ನಾಲೆಯ ಕೆಸರಿನಲ್ಲಿ, ಮೂಲೆ ಒಡೆದ ಪೆಟ್ಟಿಗೆಯೊಳಗೆ ಅವಳ ತಂಡದವರ ಜೊತೆ ನಿಂತಿರುವುದು ಕನಸಿನಲ್ಲಿ ಕಾಣುತ್ತಿತ್ತು. ಬೆಂಕಿಯ ನರಿಯನ್ನು ನೀರಿಗೆ ಕಳಿಸಿದೆನಲ್ಲ ಎಂದು ಎಚ್ಚರವಾದ ಮೇಲೂ ಅನಿಸುತ್ತಿತ್ತು. ಪಿಯುಸಿ, ಡಿಗ್ರಿ, ಬಿ.ಎಡ್. ಎಲ್ಲ ಮುಗಿಯಿತು. ಮಳವಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳತೊಡಗಿದೆ. ಅಂಗಳದಲ್ಲಿ ಮಕ್ಕಳು ಜಗಳವಾಡಿಕೊಂಡು ಒಬ್ಬರ ವಸ್ತು ಒಬ್ಬರು ಹಿಂದೆ ಬಚ್ಚಿಟ್ಟುಕೊಂಡು ನಿಂತರೆ, ಬೇರೆ ಟೀಚರುಗಳು ನಗುತ್ತಾರೆ. ನಾನು ಓಡಿಹೋಗಿ ಬಿಡಿಸುತ್ತೇನೆ.

ಈ ಸಲ ಚಿಕ್ಕಪ್ಪನಿಗೆ ಮಂಡ್ಯದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ವಾರದ ಮಟ್ಟಿಗೆ ಗುತ್ತಲಿನ ನಮ್ಮ ಮನೆಯಲ್ಲಿದ್ದರು. ಒಂದು ಕಣ್ಣಿಗೆ ಪಟ್ಟಿ, ಎರಡು ಗಂಟೆಗೊಮ್ಮೆ ಹನಿ ಹಾಕುವುದು ಶಾಲೆಗೆ ರಜೆ ಹಾಕಿ ಬಂದಿದ್ದ ನನ್ನ ಕೆಲಸ. ಒಂದು ಬೆಳಿಗ್ಗೆ ಹನಿ ಹಾಕಿ ಎದ್ದೇಳುವಾಗ ಅವರು ನನ್ನ ಕೈ ಹಿಡಿದು ಕೂರಿಸಿದರು. ಅವಳ ಆಟದ ಪೆಟ್ಟಿಗೆಯ ಜೊತೆಯದು ನಿನ್ನ ಹತ್ತಿರ ಇದೆಯಾ ಎಂದು ಕೇಳಿದರು. ನಾನು ತಂದೆ. ತೋರಿಸುವ ಮೊದಲೇ ನನ್ನ ಬಾಯಿಂದ ಆ ಕಾಲು ಗಂಟೆಯ ಮಾತು ಬಂದುಬಿಟ್ಟಿತು. ತಂತಿ ಬಚ್ಚಿಟ್ಟು ತಡ ಮಾಡಿದವಳು ನಾನು, ಇಲ್ಲದಿದ್ದರೆ ಬೆಳಕಿರುವಾಗಲೇ ನೀವು ನಾಲೆ ದಾಟುತ್ತಿದ್ದಿರಿ ಎಂದೆ.

ಚಿಕ್ಕಪ್ಪ ಕಣ್ಣಿನ ಪಟ್ಟಿಯ ಅಂಚನ್ನು ಬೆರಳಿನಿಂದ ಒತ್ತಿಕೊಂಡರು. ಆಮೇಲೆ, "ನಿನ್ ಕಾಲ್ ಗಂಟೆ ಅಲ್ಲ ಕಣವ್ವ" ಎಂದರು. "ಮದ್ದೂರಲ್ಲಿ ಒಬ್ಬ ಸಿಕ್ದ. ಗೂಡಿನ್ ರೇಟು ಮಾತಾಡ್ತಾ ಒಂದ್ ಗಂಟೆ ನಿಂತ್ಬುಟ್ಟೆ. ಓಗಾನ ಅಪ್ಪ, ಉಳ ಕಾಯ್ತಾ ಅವೆ ಅಂತಿದ್ಲು. ನಾನೇ ಇರವ್ವ ಅಂದೆ. ಇದ್ನ ನಿಮ್ ಚಿಕ್ಕವ್ವಂಗೂ ಏಳ್ನಿಲ್ಲ."

ಇಷ್ಟು ವರ್ಷ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಳೆದಿದ್ದೆವು. ಇಬ್ಬರಿಗೂ ಅಳು ಬರಲಿಲ್ಲ. ಹೊರಗೆ ಯಾರೋ ಸೊಪ್ಪು ಮಾರಿಕೊಂಡು ಹೋದರು. ನಾನು ಪೆಟ್ಟಿಗೆಯ ಗುಂಡಿ ಒತ್ತಿ, ಗುಂಡನನ್ನು ತೋರಿಸಿ, ಕೆಳಗೆ ಹೆಸರಿದ್ದ ಜಾಗಕ್ಕೆ ಬೆರಳಿಟ್ಟೆ. ಅವರು ಪಟ್ಟಿಯಿಲ್ಲದ ಕಣ್ಣಿಗೆ ತೀರ ಹತ್ತಿರ ಹಿಡಿದು, ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ಬಿಡಿಸಿ ಬಿಡಿಸಿ ಓದಿದರು. ಏಳನ್ನೂ ಓದಿ ಮುಗಿಸಿ, ಕೂಡಿಸಿ, ಮಗಳ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿದರು. ಇದನ್ನು ಅವಳೇ ಬರೆದದ್ದಾ ಎಂದು ಕೇಳಿದರು. ಹೌದು ಎಂದೆ. ಬೆಳ್ಳಿಯನ್ನೂ ಮಂಕನನ್ನೂ ತೋರಿಸಿದೆ. ಯಾವುದು ಏನು ಮಾಡುತ್ತದೆ ಎಂದು ಕೇಳಿದರು. ಇದು ಏಟು ತಡೆಯುತ್ತದೆ, ಇದು ಗಾಯ ಮಾಯಿಸುತ್ತದೆ, ಇದು ನಿದ್ದೆ ಮಾಡಿಸುತ್ತದೆ ಎಂದೆ.

"ಇವ್ಕೆ ವಯಸ್ಸಾಗಕಿಲ್ವಾ?" ಎಂದರು.

"ಇಲ್ಲ ಚಿಕ್ಕಪ್ಪ."

"ಒಳ್ಳೇದಾಯ್ತು ಬುಡು."

ಆಟ ನೆನಪಿಟ್ಟುಕೊಳ್ಳಲು ಒಳಗೆ ಗುಂಡಿಯಷ್ಟು ಸಣ್ಣ ಸೆಲ್ಲೊಂದಿದೆ, ಅದರ ಆಯಸ್ಸು ತೀರಿದ ದಿನ ಹೆಸರೂ ಅಳಿದುಹೋಗುತ್ತದೆ ಎಂದು ಪೆಟ್ಟಿಗೆ ಒಮ್ಮೆ ಕೆಟ್ಟಾಗ ರಿಪೇರಿಯವನೊಬ್ಬ ನನಗೆ ಹೇಳಿದ್ದ. ಅದನ್ನು ನಾನು ಚಿಕ್ಕಪ್ಪನಿಗೆ ಹೇಳಲಿಲ್ಲ. ಅವರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ತಿರುಗಿ ಕುಳಿತರು. ಮುಂದಿನ ಹನಿಯ ಹೊತ್ತಾದರೂ ನಾನು ಅವರನ್ನು ಕರೆಯಲಿಲ್ಲ.