ಮೀನು ಕಾಯಲು ಹೆಣೆದ ಬಲೆ

ಮೊನ್ನೆ ಪುತ್ತೂರಿನಲ್ಲಿ ಗೊಬ್ಬರದ ಅಂಗಡಿಯೊಂದರ ಮುಂದೆ ರಿಕ್ಷಾಕ್ಕೆ ಕಾಯುತ್ತ ನಿಂತಿದ್ದೆ. ಒಳಗೆ ಯಾರೋ ಮೈಲುತುತ್ತಿನ ಚೀಲ ಬಿಚ್ಚಿ ತೂಗುತ್ತಿದ್ದರು. ಆ ನೀಲಿ ಹರಳಿಗೆ ವಾಸನೆಯೇ ಇಲ್ಲ ಎಂದು ನನ್ನ ಸೊಸೆ ವಾದಿಸುತ್ತಾಳೆ. ಅವಳಿಗೇನು ಗೊತ್ತು? ಹಸಿ ತೆಂಗಿನ ನಾರಿನ ಹಗ್ಗವನ್ನು ಆ ನೀಲಿ ನೀರಿನಲ್ಲಿ ಮೂರು ದಿನ ನೆನೆಹಾಕಿ, ಅದರ ಒಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತವಳು ನಾನು. ತಾಮ್ರದ ಚೊಂಬನ್ನು ನೆಕ್ಕಿದಂತೆ ನಾಲಿಗೆಯ ಬುಡದಲ್ಲಿ ಒಂದು ಒಗರು ಏಳುತ್ತದೆ. ತೋಟ ಇದ್ದವರಿಗೆ ಮೈಲುತುತ್ತು ಎಂದರೆ ಅಡಿಕೆಯ ಕೊಳೆರೋಗ ನೆನಪಾಗುತ್ತದೆ. ನನಗೆ ದೊಡ್ಡಮ್ಮನ ಮೀನುಗಳು ನೆನಪಾಗುತ್ತವೆ. ರಿಕ್ಷಾ ಬಂದರೂ ನಾನು ಹತ್ತಲಿಲ್ಲ, ಮುದುಕಿಗೆ ಏನೋ ಆಗಿದೆ ಎಂದು ಅಂಗಡಿಯವನು ಸ್ಟೂಲು ತಂದುಕೊಟ್ಟ.

ಬೆಳ್ಳಾರೆಯಿಂದ ಒಂದೂವರೆ ಮೈಲಿ ಒಳಗೆ ನಮ್ಮ ಮನೆಯಿತ್ತು. ನಾನು ಹೇಳುತ್ತಿರುವುದು ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಮಾತು. ಅಪ್ಪ ಮತ್ತು ದೊಡ್ಡಪ್ಪ ಒಟ್ಟಿಗಿದ್ದ ಮನೆ. ದೊಡ್ಡಪ್ಪನ ಹೆಂಡತಿ ನನ್ನ ದೊಡ್ಡಮ್ಮ. ನಾನು ಹುಟ್ಟುವ ಮೊದಲೇ ಒಂದು ವಿಷಮಶೀತ ಜ್ವರದಲ್ಲಿ ಅವರಿಗೆ ಎರಡೂ ಕಿವಿ ಹೋಗಿತ್ತು. ಮಾತು ಇತ್ತು, ಆದರೆ ತನ್ನ ದನಿ ತನಗೇ ಕೇಳದ ಕಾರಣ ಒಮ್ಮೆ ಪಿಸುಗುಟ್ಟುವಂತೆ, ಒಮ್ಮೆ ಬೆಚ್ಚಿಬೀಳಿಸುವಂತೆ ಬರುತ್ತಿತ್ತು. ಮನೆಯವರು ಕೆಟ್ಟವರಾಗಿರಲಿಲ್ಲ. ಮೊದಮೊದಲು ಕೂಗಿ ಹೇಳಿದರು, ಆಮೇಲೆ ಕೈಸನ್ನೆ ಮಾಡಿದರು, ಕೊನೆಗೆ ಅದೂ ಸಾಕಾಗಿ ಬೆರಳು ತೋರಿಸುವುದಕ್ಕೆ ನಿಂತರು. ದೊಡ್ಡಪ್ಪನಂತೂ ಮಾತೇ ಬಿಟ್ಟಿದ್ದರು. ಚಿಕ್ಕವಳಿದ್ದಾಗ ಅದನ್ನು ಸಿಟ್ಟು ಎಂದುಕೊಂಡಿದ್ದೆ. ಗಂಡ ಹೆಂಡತಿಗೆ ಹೇಳುವ ಮಾತನ್ನು ಅಂಗಳದಲ್ಲಿ ಅಡಿಕೆ ಸುಲಿಯುವವರಿಗೂ ಕೇಳುವಂತೆ ಅರಚಲು ಆ ಮನುಷ್ಯನಿಗೆ ನಾಚಿಕೆಯಾಗುತ್ತಿತ್ತು ಎಂಬುದು ನನಗೆ ಮದುವೆಯಾದ ಮೇಲೆ ಹೊಳೆಯಿತು. ನನ್ನ ಬಾಯಿ ನೋಡಿದರೆ ಮಾತ್ರ ದೊಡ್ಡಮ್ಮನಿಗೆ ಮಾತು ತಿಳಿಯುತ್ತಿತ್ತು. ನಾನು ತುಟಿ ಅಗಲಿಸಿ ನಿಧಾನಕ್ಕೆ ಮಾತಾಡುತ್ತಿದ್ದೆ. ಅದು ಹೇಗೋ ನಮ್ಮಿಬ್ಬರಿಗೆ ಒಗ್ಗಿಹೋಗಿತ್ತು. ಹಾಗಾಗಿ ಯಾರು ಏನು ಹೇಳಿದರೂ ಅವರು ನನ್ನ ಕಡೆ ತಿರುಗಿ, ಎಂತ ಹೇಳಿದ್ದು ಎಂದು ಕೇಳುತ್ತಿದ್ದರು. ಒಂಬತ್ತು ವರ್ಷದ ನಾನು ಅವರ ಕಿವಿಯಾಗಿದ್ದೆ.

ಅಡುಗೆಮನೆಯ ಹಿಂದೆ, ಗುಡ್ಡದ ಬುಡದಲ್ಲಿ, ಕಲ್ಲು ಕಟ್ಟಿದ ಒಂದು ಸಣ್ಣ ಕೆರೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬಂದು ಅದಕ್ಕೆ ಬೀಳುತ್ತಿತ್ತು. ಮಳೆಗಾಲದಲ್ಲಿ ದಬದಬ ಸುರಿಯುತ್ತಿದ್ದ ನೀರು ಬೇಸಿಗೆ ಬಂದರೆ ನೂಲಿನಷ್ಟಾಗುತ್ತಿತ್ತು. ದೊಡ್ಡಮ್ಮನ ತವರು ಅರಂತೋಡಿನಿಂದಲೂ ಆಚೆ, ಹೊಳೆಯ ದಂಡೆಯಲ್ಲಿ. ಅಲ್ಲಿ ದೇವಸ್ಥಾನದ ಮೆಟ್ಟಿಲಲ್ಲಿ ನಿಂತು ಮೀನುಗಳಿಗೆ ಅಕ್ಕಿ ಹಾಕುವುದು ಕ್ರಮ. ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಕಿವಿ ಹೋದ ಮೇಲೆ ದೊಡ್ಡಮ್ಮನಿಗೆ ತವರಿಗೆ ಹೋಗುವ ಮನಸ್ಸೇ ಆಗಲಿಲ್ಲ. ಅಲ್ಲಿಯ ಮಾತು ತುಂಬಿದ ಮನೆಯಲ್ಲಿ ಕೂತರೆ ದುಃಖ ಉಕ್ಕಿ ಬರುತ್ತಿತ್ತಂತೆ. ಕೊನೆಗೆ, ನನಗೆ ಆರು ವರ್ಷವಾದಾಗ, ಅವರ ಅಣ್ಣ ದೇವರ ಗಡಿಯಿಂದ ಬಹಳ ಕೆಳಗೆ ಹೊಳೆಯಲ್ಲಿ ಸಿಕ್ಕಿದ ಮರಿಗಳನ್ನು ಒಂದು ಕೊಡಪಾನದಲ್ಲಿ ಹಾಕಿಕೊಂಡು, ದಾರಿಯಲ್ಲಿ ತೋಡು, ಹಳ್ಳ ಸಿಕ್ಕಲ್ಲೆಲ್ಲ ನೀರು ಬದಲಿಸುತ್ತ, ಸುಳ್ಯದಲ್ಲಿ ಬಸ್ಸಿನ ಕಂಡಕ್ಟರನ ಕೈಕಾಲು ಹಿಡಿದು ನಮ್ಮ ಮನೆಗೆ ಮುಟ್ಟಿಸಿದರು. ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ನಮ್ಮ ಮನೆಯ ಕೆರೆಯಲ್ಲಿ ಹೀಗೆ ಮೀನು ಸಾಕಿದ್ದು. ಬೆಳಿಗ್ಗೆ ದೇವರ ಪೂಜೆಯಾದ ಕೂಡಲೇ ದೊಡ್ಡಮ್ಮ ಮುಷ್ಟಿಯಲ್ಲಿ ಅನ್ನ ಹಿಡಿದು ಕೆರೆಯ ಮೆಟ್ಟಿಲಿಗೆ ಇಳಿಯುತ್ತಿದ್ದರು. ಅವರ ನೆರಳು ನೀರಿಗೆ ಬಿದ್ದರೆ ಸಾಕು, ಕಪ್ಪು ಬೆನ್ನಿನ ಆ ಮೀನುಗಳು ಬುಡಬುಡನೆ ಮೇಲೆ ಬರುತ್ತಿದ್ದವು. ಅಲ್ಲಿ ಮಾತ್ರ ಅವರ ದನಿ ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಇರುತ್ತಿತ್ತು. ಕರೆದರೆ ಬರುವ ಜೀವಗಳು ಅವರಿಗೆ ಈ ಲೋಕದಲ್ಲಿ ಅವಷ್ಟೇ ಎಂದು ನನಗೆ ಆಗಲೇ ಗೊತ್ತಿತ್ತು.

ಮೀನು ಇದ್ದಲ್ಲಿಗೆ ಹಕ್ಕಿ ಬಾರದೆ ಇರುತ್ತದೆಯೇ? ಮೊದಲು ಬಂದದ್ದು ಮೀಂಚುಳ್ಳಿ. ದಂಬೆಯ ಮೇಲೆ ಕೂತು, ಆ ಚಂದದ ನೀಲಿ ಬೆನ್ನು ತೋರಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಳುಗಿ ಎದ್ದುಬಿಡುತ್ತಿತ್ತು. ಆಮೇಲೆ ಮಣ್ಣಿನ ಬಣ್ಣದ ಕೊಕ್ಕರೆ. ಅದರಷ್ಟು ತಾಳ್ಮೆ ನಮ್ಮ ಶಾಲೆಯ ಮಾಸ್ಟ್ರಿಗೂ ಇರಲಿಲ್ಲ. ಮೀಂಚುಳ್ಳಿ ಕೂಗುತ್ತ ಬರುತ್ತದೆ, ಆದರೆ ಆ ಕೂಗು ದೊಡ್ಡಮ್ಮನಿಗೆ ಕೇಳಬೇಕಲ್ಲ. ಹಾಗೆ ನಮ್ಮ ನಡುವೆ ಒಂದು ಒಪ್ಪಂದವಾಯಿತು. ಅವರು ಕೆರೆಯ ಬದಿಯಲ್ಲಿ ಪಾತ್ರೆ ತೊಳೆಯುತ್ತಲೋ ಬಟ್ಟೆ ಒಗೆಯುತ್ತಲೋ ಇರುವಾಗ ನಾನು ಹತ್ತಿರವೇ ಕೂರಬೇಕು. ಕೂಗು ಕೇಳಿದರೆ ಅವರ ಸೆರಗನ್ನು ಎರಡು ಸಲ ಎಳೆಯಬೇಕು. ಕೊಕ್ಕರೆ ಕಂಡರೆ ಒಂದೇ ಸಲ, ಉದ್ದಕ್ಕೆ. ಅವರು ಥಟ್ಟನೆ ಎದ್ದು ತೆಂಗಿನ ಗರಿಯ ದಂಟಾದ ಕೊತ್ತಳಿಗೆ ಬೀಸಿ ಓಡುತ್ತಿದ್ದರು. ಒಡೆದ ಮಡಕೆಗಳನ್ನು ನೀರಿನಡಿಗೆ ಹಾಕಿದೆವು, ಮೀನು ಅಡಗಿಕೊಳ್ಳಲಿ ಎಂದು. ದೊಡ್ಡಪ್ಪನ ಹಳೇ ಅಂಗಿ ತೊಡಿಸಿ ಬೆರ್ಚಪ್ಪನನ್ನು ನಿಲ್ಲಿಸಿದೆವು. ಎಂಟೇ ದಿನಕ್ಕೆ ಕೊಕ್ಕರೆ ಆ ಬೆರ್ಚಪ್ಪನ ತಲೆಯ ಮೇಲೆಯೇ ಕೂತು ಬೇಟೆ ಹುಡುಕತೊಡಗಿತು. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಕಾಯುವವರು ಯಾರು? ಸಂಜೆ ಬಂದರೆ ದೊಡ್ಡಮ್ಮ ಮೆಟ್ಟಿಲಲ್ಲಿ ಕೂತು ಎಣಿಸುತ್ತಿರುತ್ತಿದ್ದರು. ಕೊಡಪಾನ ತುಂಬ ಬಂದ ಮೀನು ಮೂರು ವರ್ಷದಲ್ಲಿ ಹನ್ನೊಂದಕ್ಕೆ ಇಳಿದಿತ್ತು.

ದೊಡ್ಡಪ್ಪ ಇದನ್ನೆಲ್ಲ ನೋಡುತ್ತಿದ್ದರು ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವರು ಹೇಳದೆ ಕೇಳದೆ ಜಗಲಿಯಲ್ಲಿ ಕೂತು ತೆಂಗಿನ ಹುರಿಯಲ್ಲಿ ಬಲೆ ಹೆಣೆದು ಕೆರೆಯ ಮೇಲೆ ಕಟ್ಟಿದರು. ಅದು ಆ ಮಳೆಗಾಲದಲ್ಲೇ ಕೊಳೆತು ತೂತುಬಿತ್ತು, ಕೊಕ್ಕರೆ ಒಳಗೆ ನುಗ್ಗಿ ಎರಡು ಮೀನು ತಿಂದಿತು. ಆ ದಿನ ದೊಡ್ಡಮ್ಮ ಊಟಕ್ಕೆ ಏಳಲಿಲ್ಲ. ಮರುವರ್ಷ, ಬೇಸಿಗೆ ಮುಗಿಯುತ್ತ ಬಂದಾಗ, ದೊಡ್ಡಪ್ಪ ಮತ್ತೆ ಹುರಿ ಹಿಡಿದು ಕೂತರು. ಈ ಸಲ ಬಲೆಯ ಕಣ್ಣು ಸಣ್ಣದು, ಗಂಟು ಒತ್ತೊತ್ತು. ಬೇಲಿಯಾಚೆಯ ತಿಮ್ಮಪ್ಪ ಗೌಡರು, ಮಳೆ ಬಂದರೆ ಗದ್ದೆಯಲ್ಲಿ, ಹೊಳೆಯಲ್ಲಿ ಮೀನು ಹಿಡಿಯುವವರು, ಜಗಲಿಗೆ ಬಂದು ಎಲೆಯಡಿಕೆ ಹಾಕುತ್ತ ತಮಾಷೆ ಮಾಡಿದರು.

"ಎಂತ ಭಟ್ರೆ, ನೀವು ಬಲೆ ಹೆಣೆಯುದಾ? ಇನ್ನು ನಮ್ಗೆ ಕೆಲ್ಸ ಇಲ್ಲ ಮಾರಾಯ್ರೆ."

ಎಲ್ಲರೂ ನಕ್ಕರು. ದೊಡ್ಡಪ್ಪನ ಕಿವಿ ಕೆಂಪಾಯಿತು. ಬಲೆ ಬಾಳಿಕೆ ಬರಲು ಏನು ಮಾಡುತ್ತೀರಿ ಎಂದು ಗೌಡರನ್ನು ಕೇಳುವುದಕ್ಕೆ ಅದು ಒಳ್ಳೆಯ ಹೊತ್ತಾಗಿತ್ತು. ಮೀನು ಮುಟ್ಟದ ಮನೆಯ ಯಜಮಾನ ಬಲೆಯ ಸಂಗತಿ ಕೇಳುವುದು ಹೇಗೆ? ಅವರು ಕೇಳಲಿಲ್ಲ. ಅಡಿಕೆ ಕೊಳೆಯದಂತೆ ಮಳೆಗಾಲದಲ್ಲಿ ಮದ್ದು ಬಿಡುವವರಿಗೆ ಹಗ್ಗ ಕೊಳೆಯದಂತೆ ಮಾಡುವುದು ಯಾಕೆ ಗೊತ್ತಿರಬಾರದು? ತೋಟಕ್ಕೆಂದು ತಂದಿಟ್ಟ ಮೈಲುತುತ್ತನ್ನು ಮರದ ಪೀಪಾಯಿಯಲ್ಲಿ ಕರಗಿಸಿ, ಸುಣ್ಣ ಬೆರೆಸಿ, ಬಲೆಯನ್ನು ಮೂರು ದಿನ ಅದ್ದಿಟ್ಟರು. ಒಣಗಿಸುವಾಗ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು. ನನ್ನ ಅಂಗೈ ವಾರವಿಡೀ ನೀಲಿಯಾಗಿತ್ತು. ಅವರು ನನ್ನೊಡನೆ ಅಷ್ಟು ಸಲಿಗೆಯಿಂದ ಮಾತಾಡಿದ್ದು ಅದೇ ಮೊದಲು.

"ಈ ಸರ್ತಿ ಕೊಳೆಯುದಿಲ್ಲ. ನಿನ್ನ ದೊಡ್ಡಮ್ಮನತ್ರ ಹೇಳು."

ನಾನು ಓಡಿಹೋಗಿ ಹೇಳಿದೆ. ದೊಡ್ಡಮ್ಮ ಎರಡೆರಡು ಸಲ ಹೇಳಿಸಿಕೊಂಡರು. ಒಮ್ಮೆ ಅರ್ಥವಾಗದ್ದಕ್ಕೆ, ಇನ್ನೊಮ್ಮೆ ಸುಮ್ಮನೆ.

ಬಲೆ ಕಟ್ಟಿದ ಮೇಲಿನ ಹತ್ತು ಹನ್ನೆರಡು ದಿನಗಳು ನನಗೆ ಈಗಲೂ ನೆನಪಿವೆ. ಎಷ್ಟು ಖುಷಿಯಾಗಿದ್ದೆವು ನಾವು! ಕೊಕ್ಕರೆ ಬಂದು ಬಲೆಯ ಅಂಚಿನಲ್ಲಿ ಪೆಚ್ಚಾಗಿ ನಿಲ್ಲುತ್ತಿತ್ತು. ದೊಡ್ಡಮ್ಮ ಅದಕ್ಕೆ ಹೆಬ್ಬೆರಳು ಆಡಿಸಿ ತೋರಿಸುತ್ತಿದ್ದರು. ಮೀಂಚುಳ್ಳಿ ಕೂಗಿದರೂ ನಾನು ಸೆರಗು ಎಳೆಯಬೇಕಾಗಿರಲಿಲ್ಲ. ಒಂದು ಸಂಜೆ ದೊಡ್ಡಪ್ಪ ಕೆರೆಯ ಬದಿಗೆ ಬಂದು ಗಂಟುಗಳನ್ನು ಮುಟ್ಟಿ ನೋಡಿದರು. ದೊಡ್ಡಮ್ಮ ಬಲೆಯ ಕೆಳಗೆ ಕೈ ಹಾಕಿ ಅನ್ನ ಬಿಟ್ಟರು. ಇಬ್ಬರೂ ಒಂದೇ ಮೆಟ್ಟಿಲಲ್ಲಿ ನಿಂತು ಮೀನು ನೋಡಿದರು. ಮಾತಿಲ್ಲ, ಸನ್ನೆಯೂ ಇಲ್ಲ. ನಾನಿರುವುದು ಇಬ್ಬರಿಗೂ ಬೇಕಾಗಿರಲಿಲ್ಲ, ಮೆಲ್ಲಗೆ ಒಳಗೆ ಹೋದೆ. ಗಂಡಹೆಂಡಿರು ಹಾಗೆ ಹತ್ತಿರ ನಿಂತದ್ದನ್ನು ಆ ಮನೆಯಲ್ಲಿ ನಾನು ಮೊದಲ ಸಲ ನೋಡಿದ್ದು.

ಮಳೆಗಾಲಕ್ಕೆ ಇನ್ನೂ ಹದಿನೈದು ದಿನವಿತ್ತು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊದಲ ಮಳೆ ಗುಡುಗು ಸಿಡಿಲಿನೊಡನೆ ಸುರಿಯಿತು. ಕೆರೆಯಲ್ಲಿ ಆಗ ಮೊಣಕಾಲಿನಷ್ಟೇ ನೀರು. ಬೆಳಿಗ್ಗೆ ದೊಡ್ಡಮ್ಮನ ಕೂಗು ಕೇಳಿ ಎಲ್ಲರೂ ಹಿತ್ತಿಲಿಗೆ ಓಡಿದೆವು. ಮೀನುಗಳೆಲ್ಲ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಒಂದು ಮಾತ್ರ ಬಾಯಿ ತೆರೆದು ಮುಚ್ಚುತ್ತಿತ್ತು, ನೋಡುತ್ತಿದ್ದಂತೆ ಅದೂ ಮಗುಚಿತು. ಬಲೆ ಒಂದಿಷ್ಟೂ ಹರಿದಿರಲಿಲ್ಲ. ಅದರ ಗಂಟುಗಳಿಂದ ತೆಳು ನೀಲಿ ಹನಿಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. ಕೊಕ್ಕರೆ ಕಟ್ಟೆಯ ಮೇಲೆ ನಿಂತಿತ್ತು. ಓಡಿಸಬೇಕೆಂದು ಯಾರಿಗೂ ತೋಚಲಿಲ್ಲ.

ಗೌಡರು ಬೇಲಿ ದಾಟಿ ಬಂದು ಬಲೆಯ ಒಂದು ಗಂಟನ್ನು ಬೆರಳಲ್ಲಿ ಒತ್ತಿ ನೋಡಿದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಒಂದು ಮಾತು ನನ್ನತ್ರ ಕೇಳ್ಬಾರ್ದಿತ್ತಾ ಭಟ್ರೆ? ಮೈಲುತುತ್ತು ತೊಳೆದ ನೀರು ತೋಡಿಗೆ ಬಿದ್ರೆ ಮೀನೆಲ್ಲ ಸಾಯ್ತದೆ. ಅದು ನಮ್ಮ ಮಕ್ಕಳಿಗೂ ಗೊತ್ತುಂಟು."

ದೊಡ್ಡಮ್ಮ ನೀರಿಗಿಳಿದು ಬಲೆಯ ಕೆಳಗಿನಿಂದ ಮೀನುಗಳನ್ನು ಒಂದೊಂದಾಗಿ ಎತ್ತಿ ಅಡಿಕೆ ಹಾಳೆಯ ಮೇಲಿಡುತ್ತಿದ್ದರು. ತಲೆಯೆತ್ತಿ ಗಂಡನನ್ನು ಕೇಳಿದರು, ಎಂತ ಆಯ್ತು ಇವಕ್ಕೆ ಎಂದು. ದೊಡ್ಡಪ್ಪನ ಮುಖ ನೀರಿನ ಕಡೆಗಿತ್ತು. ಎಷ್ಟೋ ವರ್ಷಗಳ ಮೇಲೆ ಅವರು ಹೆಂಡತಿಗೆ ನೇರವಾಗಿ ಒಂದು ಮಾತು ಹೇಳಿದರು, ಬಹಳ ಸಣ್ಣ ದನಿಯಲ್ಲಿ.

"ನಾನೇ ಕೊಂದೆ."

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಎಂತ ಹೇಳಿದ್ರು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ದೊಡ್ಡಪ್ಪನೂ. ನನ್ನ ನಾಲಿಗೆಯಲ್ಲಿ ಆ ತಾಮ್ರದ ಒಗರು. ಬಲೆಯ ಇನ್ನೊಂದು ತುದಿ ಹಿಡಿದವಳು ನಾನೇ ಅಲ್ಲವೇ? ಆ ಇಬ್ಬರು ಒಂದೇ ಮೆಟ್ಟಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು. ನಾನು ಆಕಾಶಕ್ಕೆ ಕೈ ತೋರಿಸಿ, ತುಟಿ ಅಗಲಿಸಿ ಹೇಳಿದೆ.

"ಸಿಡಿಲು, ದೊಡ್ಡಮ್ಮ. ಕೆರೆಗೆ ಸಿಡಿಲು ಬಿದ್ದದ್ದು."

ಸಿಡಿಲು ಕೇಳದವರು ನಂಬದೆ ಏನು ಮಾಡುತ್ತಾರೆ? ಅವರು ಕಣ್ಣು ಒರೆಸಿಕೊಂಡು ಮೇಲೆ ಬಂದು, ಒದ್ದೆ ಕೈಯನ್ನು ದೊಡ್ಡಪ್ಪನ ತೋಳಿನ ಮೇಲಿಟ್ಟರು. ಅಷ್ಟು ಜನರ ಎದುರಿಗೆ.

"ಸಿಡಿಲಿಗೆ ನೀವೆಂತ ಮಾಡುದು? ಬಲೆ ಗಟ್ಟಿ ಉಂಟು. ಹಕ್ಕಿ ಒಂದನ್ನೂ ಮುಟ್ಲಿಲ್ಲ."

ಗೌಡರು ತಲೆ ತಗ್ಗಿಸಿ ಬೇಲಿ ದಾಟಿ ಹೋದರು. ಆ ಮೀನುಗಳನ್ನು ತೆಂಗಿನ ಬುಡದಲ್ಲಿ ಹೂತೆವು. ಮತ್ತೆ ಮರಿ ತರಿಸೋಣ ಎಂದು ಅಪ್ಪ ಒಂದೆರಡು ಸಲ ಹೇಳಿ ನೋಡಿದರು. ದೊಡ್ಡಮ್ಮ ಒಪ್ಪಲಿಲ್ಲ. ಹಕ್ಕಿಯನ್ನಾದರೆ ಓಡಿಸಬಹುದು, ಸಿಡಿಲನ್ನು ಯಾರು ಓಡಿಸುತ್ತಾರೆ ಎಂದು ಕೇಳಿದರು. ಬಲೆಯನ್ನು ಅವರೇ ಬಿಚ್ಚಿ, ಒಣಗಿಸಿ, ಮಡಚಿ ಅಟ್ಟದಲ್ಲಿಟ್ಟರು. ಮನೆಗೆ ನೆಂಟರು ಬಂದರೆ ಸಾಕು, ಅದನ್ನು ಇಳಿಸಿ ತೋರಿಸುವುದು. ಇವರು ನನಗೆ ಹೆಣೆದು ಕೊಟ್ಟದ್ದು, ನೋಡಿ ಎಷ್ಟು ವರ್ಷವಾದರೂ ಕೊಳೆತಿಲ್ಲ ಎಂದು ತನಗೇ ಕೇಳದ ಆ ದೊಡ್ಡ ದನಿಯಲ್ಲಿ ಹೇಳುವುದು. ಆಗ ದೊಡ್ಡಪ್ಪ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಎಷ್ಟೋ ಸಲ ನಾನು ನಿಜ ಹೇಳಿಬಿಡಬೇಕೆಂದು ದೊಡ್ಡಮ್ಮನ ಎದುರು ಹೋಗಿ ನಿಂತದ್ದುಂಟು. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಹಸಿವಾಗುತ್ತದೆ ಎಂದೋ ತಲೆ ಬಾಚಿ ಎಂದೋ ಹೇಳಿ ಹಿಂದೆ ಬರುತ್ತಿದ್ದೆ.

ಹತ್ತು ವರ್ಷ ಹೀಗೇ ನಡೆಯಿತು. ದೊಡ್ಡಮ್ಮ ತೀರಿಕೊಂಡಾಗ ನನಗೆ ಮದುವೆಯಾಗಿ ಒಂದು ಮಗುವಿತ್ತು. ಹದಿಮೂರನೆಯ ದಿನದ ಊಟ ಮುಗಿದ ಮಧ್ಯಾಹ್ನ ದೊಡ್ಡಪ್ಪ ಕೆರೆಯ ಮೆಟ್ಟಿಲಲ್ಲಿ ಒಬ್ಬರೇ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ನೀರನ್ನು ನೋಡುತ್ತಲೇ ಹೇಳಿದರು.

"ನೀನು ಅವತ್ತು ಸರಿಯಾಗಿ ಹೇಳ್ಬಹುದಿತ್ತು ಮಗಾ. ಒಂದು ತಿಂಗಳು ಬೈತಿದ್ಲು, ಆಮೇಲೆ ಮುಗೀತಿತ್ತು. ಅವಳು ನನ್ನನ್ನು ಹತ್ತು ವರ್ಷ ಹೊಗಳಿದ್ಲು."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಕೆಲವು ವರ್ಷಗಳಲ್ಲಿ ಅವರೂ ಹೋದರು, ಮನೆ ಪಾಲಾಯಿತು, ಅಟ್ಟದ ಸಾಮಾನು ಯಾರ ಯಾರದೋ ಕೈಸೇರಿತು. ಬಲೆ ಏನಾಯಿತೋ ಗೊತ್ತಿಲ್ಲ. ಕೊಳೆತಿರಲಾರದು. ಕೊಳವೆಬಾವಿ ಬಂದ ಮೇಲೆ ಸುರಂಗ ಬತ್ತಿ, ಕೆರೆಯಲ್ಲಿ ಈಗ ಕೆಸುವಿನ ಎಲೆ ಬೆಳೆದಿದೆಯಂತೆ. ನಿಮ್ಮ ಮನೆಯಲ್ಲೂ ಹೀಗೆ ಒಳ್ಳೆಯದಕ್ಕೆಂದು ಹೇಳಿದ ಒಂದು ಸುಳ್ಳು ಇದ್ದಿರಬಹುದು. ಇದ್ದರೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಪುತ್ತೂರಿನ ಈ ಮನೆಯ ಹಿಂದೆಯೂ ಒಂದು ಸಣ್ಣ ತೋಡಿದೆ, ಬೆಳಿಗ್ಗೆ ಒಮ್ಮೊಮ್ಮೆ ಮೀಂಚುಳ್ಳಿ ಕೂಗುತ್ತದೆ. ಆಗ ನನ್ನ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ, ಎರಡು ಸಲ ಎಳೆಯುವುದಕ್ಕೆ. ಅಲ್ಲಿ ಸೆರಗಿಲ್ಲ.